ಅಕ್ಕಿ ಚೀಲದಲ್ಲಿ ಆಲೂಗಡ್ಡೆ: ಮೂರನೇ ಸಲಕ್ಕೆ ಕೈ ಹಿಡಿದದ್ದು

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಟೆರೇಸ್ ಮೇಲೆ ಹಳೇ ಸೀರೆ ಹಾಸಿ, ಎರಡು ತಿಂಗಳು ಸಾಕಿದ ಬಕೆಟ್ಟನ್ನು ಬೋರಲು ಹಾಕಿದೆ. ಮನೆಮಂದಿಯೆಲ್ಲ ಸುತ್ತ ನಿಂತಿದ್ದರು. ಸಿಕ್ಕಿದ್ದು ಶೇಂಗಾಕಾಯಿ ಗಾತ್ರದ ನಾಲ್ಕು ಗಡ್ಡೆ. ಜೊತೆಗೆ ನಾನು ನೆಟ್ಟಿದ್ದ ಹಳೇ ಗಡ್ಡೆಯ ಸಿಪ್ಪೆ. ಅತ್ತೆ ಬಗ್ಗಿ ನೋಡಿ, "ಹಾಕಿದ್ದೂ ಹೋಯ್ತಲ್ಲೇ" ಅಂದರು.

ನಮ್ಮನೆ ಇರುವುದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಟೆರೇಸ್ ಮೇಲೆ ಮೆಂತ್ಯ, ಪಾಲಕ್, ನಾಲ್ಕು ಬದನೆ ಗಿಡ ಮೊದಲಿಂದಲೂ ಇದ್ದವು. ಆಲೂಗಡ್ಡೆ ಹುಚ್ಚು ಹತ್ತಿದ್ದು ಅಡುಗೆಮನೆ ಬುಟ್ಟಿಯಿಂದ. ಬೆಣ್ಣೆ ದೋಸೆ ಊರಲ್ಲಿ ಇದ್ದ ಮೇಲೆ ಪಲ್ಯಕ್ಕೆ ಆಲೂಗಡ್ಡೆ ಯಾವಾಗಲೂ ಮನೆಯಲ್ಲಿ ಇರಲೇಬೇಕು ಅಲ್ವಾ? ಫೆಬ್ರವರಿಯಲ್ಲಿ ಒಂದಷ್ಟು ಗಡ್ಡೆ ಮೊಳಕೆ ಬಂದಿದ್ದವು. ಎಸೆಯೋಕೆ ಮನಸ್ಸು ಬರಲಿಲ್ಲ. ಪೇಂಟ್ ಬಕೆಟ್ಟಿಗೆ ಮಣ್ಣು ತುಂಬಿ ಹೂತೆ.

ಗಿಡ ಏನು ಚೆಂದ ಬಂತು ಅಂತೀರಿ! ಮೊಣಕಾಲುದ್ದ, ಕಡು ಹಸಿರು. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿ ನೋಡಿ ಹೊಗಳಿದರು. ನಾನೂ ಬೀಗಿದೆ, ಇನ್ನಷ್ಟು ಶೇಂಗಾ ಹಿಂಡಿ ಹಾಕಿದೆ. ಎಲೆ ಇನ್ನೂ ಜಾಸ್ತಿ ಆಯಿತು. ಕೆಳಗೆ ಏನೂ ಇರಲಿಲ್ಲ.

ಆಮೇಲೆ ಕೂತು ಓದಿದಾಗ ಗೊತ್ತಾಯಿತು, ತಪ್ಪಿದ್ದು ತಿಂಗಳು. ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಗಿಡ. ಅದಕ್ಕೆ ಹಗಲು ಬಿಸಿಲು ಬೇಕು, ರಾತ್ರಿ ತಂಪು ಬೇಕು. ರಾತ್ರಿ 15ರಿಂದ 20 ಡಿಗ್ರಿ ಇದ್ದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ. ರಾತ್ರಿಯೂ ಸೆಕೆ ಇದ್ದರೆ, ಹಗಲು ಎಲೆ ಮಾಡಿದ ಸಕ್ಕರೆಯನ್ನು ಗಿಡ ಉಸಿರಾಡಿಯೇ ಮುಗಿಸುತ್ತದೆ. ಮಣ್ಣಿನ ಕೆಳಗೆ ಇಳಿಸಿ ಕೂಡಿಡಲು ಏನೂ ಉಳಿಯುವುದಿಲ್ಲ. ಫೆಬ್ರವರಿಯಲ್ಲಿ ನೆಟ್ಟರೆ ಗಡ್ಡೆ ಕಟ್ಟುವ ಹೊತ್ತಿಗೆ ಮಾರ್ಚ್ ಕೊನೆ. ನಮ್ಮೂರ ಮಾರ್ಚ್ ಗೊತ್ತಲ್ಲ. ಸಂಜೆ ಏಳಕ್ಕೂ ಟೆರೇಸ್ ಮೇಲೆ ಬರಿಗಾಲು ಇಡೋಕೆ ಆಗಲ್ಲ.

ಎರಡನೇ ಸಲ ಜೂನ್‌ನಲ್ಲಿ ಹಾಕಿದೆ. ಹಾಸನದವರು ಮುಂಗಾರಿಗೇ ಬಿತ್ತುತ್ತಾರೆ, ನಮಗೇನು ಅಂತ. ಆದರೆ ಹಾಸನ ಇರುವುದು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿ. ದಾವಣಗೆರೆ 600ರ ಆಸುಪಾಸು. ಅಲ್ಲಿನ ಜೂನ್ ಬೇರೆ, ಇಲ್ಲಿನ ಜೂನ್ ಬೇರೆ. ಸಾಲದ್ದಕ್ಕೆ ಆ ವರ್ಷ ನಾನು ಮಾಡಿದ ತಪ್ಪು ಒಂದೆರಡಲ್ಲ. ಪರಿಚಯದವರ ಹೊಲದಿಂದ ಎರೆ ಮಣ್ಣು ತರಿಸಿದ್ದೆ. ಮಳೆಯಲ್ಲಿ ಅದು ಹಿಟ್ಟು ಕಲಸಿದ ಹಾಗೆ ಆಯಿತು, ಒಣಗಿದಾಗ ಬಿರುಕು ಬಿಟ್ಟು ಕಲ್ಲಾಯಿತು. ಗಡ್ಡೆಗಳನ್ನು ಕತ್ತರಿಸಿ ನೆಟ್ಟಿದ್ದೆ, ಆರರಲ್ಲಿ ನಾಲ್ಕು ಕೊಳೆತವು. ಆ ನಾತ ಇನ್ನೂ ನೆನಪಿದೆ. ಗೊಬ್ಬರ ಅರ್ಧ ಕಳಿತದ್ದು, ಅದರೊಳಗೆ ಬೆಳ್ಳಗೆ ಸುರುಳಿ ಸುತ್ತಿ ಮಲಗಿದ್ದ ಗೊಣ್ಣೆ ಹುಳುಗಳು ಉಳಿದ ಗಡ್ಡೆಗೆ ತೂತು ಕೊರೆದವು. ಒಟ್ಟು ಮುನ್ನೂರು ಗ್ರಾಂ ಬಂತು ಅನ್ನಿ.

ಹಾಸನದ ಕಡೆ ನಮ್ಮ ನೆಂಟರೊಬ್ಬರು ಆಲೂಗಡ್ಡೆ ಬೆಳೆಯುತ್ತಾರೆ. ಫೋನಿನಲ್ಲಿ ನನ್ನ ಕಥೆ ಕೇಳಿ ಚೆನ್ನಾಗಿ ನಕ್ಕರು. "ನಿಮ್ಮೂರಲ್ಲಿ ದೀಪಾವಳಿ ದಾಟಿದ ಮೇಲೆ ಹಾಕು. ಬೀಜ ನಾನು ಕೊಡ್ತೀನಿ" ಅಂದರು. ಸೆಪ್ಟೆಂಬರ್‌ನಲ್ಲಿ ಅವರ ಬೆಳೆ ಕಿತ್ತಾಗ ಮೊಟ್ಟೆ ಗಾತ್ರದ ಗಡ್ಡೆಗಳನ್ನು ಆರಿಸಿ ಕಳಿಸಿದರು. ತಳಿ ಕುಫ್ರಿ ಜ್ಯೋತಿ. ಕುಫ್ರಿ ಅಂದರೆ ಶಿಮ್ಲಾ ಹತ್ತಿರದ ಒಂದು ಊರು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ತಳಿಗಳಿಗೆಲ್ಲ ಆ ಊರಿನ ಹೆಸರೇ ಮುಂದೆ.

ಕಿತ್ತ ಗಡ್ಡೆಯನ್ನು ಕೂಡಲೇ ನೆಟ್ಟರೆ ಮೊಳೆಯುವುದಿಲ್ಲ. ಆರೇಳು ವಾರ, ಕೆಲವು ಸಲ ಇನ್ನೂ ಜಾಸ್ತಿ, ಅದು ನಿದ್ದೆಯಲ್ಲಿ ಇರುತ್ತದೆ. ಸೆಪ್ಟೆಂಬರ್ ಗಡ್ಡೆ ನವೆಂಬರ್‌ಗೆ ಕಣ್ಣು ಬಿಟ್ಟಿತು, ನನಗೂ ಅದೇ ಬೇಕಿತ್ತು. ಮೊಟ್ಟೆ ಟ್ರೇಯಲ್ಲಿ ಒಂದೊಂದಾಗಿ ಕೂರಿಸಿ, ಹೊಲಿಗೆ ಮಷಿನ್ ಪಕ್ಕದ ಕಿಟಕಿಯಲ್ಲಿ ಇಟ್ಟೆ. ಬಿಸಿಲು ಬೀಳಬಾರದು, ಬೆಳಕು ಬೇಕು. ಕತ್ತಲಲ್ಲಿ ಬಂದ ಮೊಳಕೆ ಬೆಳ್ಳಗೆ, ಉದ್ದಕ್ಕೆ, ಶಾವಿಗೆ ಥರ ಇರುತ್ತದೆ, ಮುಟ್ಟಿದರೆ ಮುರಿಯುತ್ತದೆ. ಬೆಳಕಲ್ಲಿ ಬಂದದ್ದು ಗಿಡ್ಡ, ದಪ್ಪ, ನೇರಳೆ ಛಾಯೆಯ ಹಸಿರು. ಬಟ್ಟೆ ಗುಂಡಿ ಅಂಟಿಸಿದ ಹಾಗೆ ಕಾಣುತ್ತದೆ. ಅರ್ಧ ಇಂಚು ಆದಾಗ ನೆಟ್ಟೆ. ಈ ಸಲ ಕತ್ತರಿಸಲೇ ಇಲ್ಲ, ಇಡೀ ಗಡ್ಡೆ. ನಮ್ಮ ಸೆಕೆಗೆ ಕತ್ತರಿಸಿದ ಹೋಳು ಉಳಿಯುವುದು ಕಷ್ಟ.

ಅಂಗಡಿ ಆಲೂಗಡ್ಡೆ ಆಗಲ್ವಾ ಅಂತ ಕೇಳುತ್ತೀರಿ. ಆಗುತ್ತದೆ, ಮೊಳಕೆ ಬಂದರೆ. ಕೋಲ್ಡ್ ಸ್ಟೋರೇಜ್‌ನಿಂದ ಬಂದದ್ದಕ್ಕೆ ಕೆಲವು ಸಲ ಮೊಳಕೆ ತಡೆಯುವ ಔಷಧಿ ಹೊಡೆದಿರುತ್ತಾರೆ. ಅದು ಬುಟ್ಟಿಯಲ್ಲೇ ಸುಕ್ಕಾಗುತ್ತದೆ, ಕಣ್ಣು ಬಿಡುವುದಿಲ್ಲ. ಇನ್ನೊಂದು ತೊಂದರೆ ವೈರಸ್. ಸಸ್ಯಹೇನು ಒಂದು ಗಿಡದ ರಸ ಹೀರಿ ಇನ್ನೊಂದಕ್ಕೆ ರೋಗ ದಾಟಿಸುತ್ತದೆ, ಅದು ಗಡ್ಡೆಯ ಮೂಲಕ ಮುಂದಿನ ಬೆಳೆಗೂ ಹೋಗುತ್ತದೆ. ಹಾಸನದ ರೈತರು ಪ್ರತಿ ವರ್ಷ ದೂರದ ಜಲಂಧರ್ ಕಡೆಯಿಂದ ಬೀಜ ತರಿಸುವುದು ಸುಮ್ನೆ ಅಲ್ಲ. ಪಂಜಾಬಿನ ಚಳಿಗಾಲದಲ್ಲಿ ಹೇನು ಕಡಿಮೆ ಇರುವ ದಿನಗಳಲ್ಲಿ ಬೀಜದ ಗಡ್ಡೆ ಬೆಳೆಯುತ್ತಾರೆ. ನೆಂಟರು ಕಳಿಸಿದ ಗಡ್ಡೆಯಲ್ಲೂ ಒಂದರಿಂದ ಬಂದ ಗಿಡ ಎಲೆ ಮುದುಡಿಕೊಂಡು, ತೇಪೆ ತೇಪೆ ಹಳದಿಯಾಗಿ ನಿಂತಿತ್ತು. ಕರುಣೆ ತೋರಿಸದೆ ಕಿತ್ತು ಎಸೆದೆ.

ಈಗ ಚೀಲದ ವಿಷಯ. ಇದರಲ್ಲಿ ನನ್ನ ಕೆಲಸ ನನಗೇ ಉಪಯೋಗಕ್ಕೆ ಬಂತು. ಭದ್ರಾ ನಾಲೆಯ ಭತ್ತ, ಸುತ್ತ ಅಕ್ಕಿ ಗಿರಣಿ ಇರುವ ಊರಲ್ಲಿ ಖಾಲಿ ಅಕ್ಕಿ ಚೀಲಕ್ಕೆ ಬರವಿಲ್ಲ. ಇಪ್ಪತ್ತೈದು ಕೆಜಿ ಚೀಲ ನಾಲ್ಕು ತೆಗೆದುಕೊಂಡೆ. ಆದರೆ ಈ ಪ್ಲಾಸ್ಟಿಕ್ ನೇಯ್ಗೆ ಬಿಸಿಲಿಗೆ ತಡೆಯುವುದಿಲ್ಲ. ಮೂರ್ನಾಲ್ಕು ತಿಂಗಳಲ್ಲಿ ಎಳೆ ಎಳೆಯಾಗಿ ಉದುರಿ ಮಣ್ಣಿಗೆಲ್ಲ ಸೇರುತ್ತದೆ. ಅದಕ್ಕೆ ಹಳೇ ಗೋಣಿಚೀಲ ಬಿಚ್ಚಿ, ಪ್ರತಿ ಅಕ್ಕಿ ಚೀಲಕ್ಕೂ ಒಂದೊಂದು ಅಂಗಿ ಹೊಲಿದೆ. ದಬ್ಬಳದಲ್ಲಿ, ಕೈಹೊಲಿಗೆ. ನಮ್ಮನೆಯವರು "ಆಲೂಗಡ್ಡೆಗೂ ಅಳತೆ ತಗೊಂಡ್ಯಾ" ಅಂತ ರೇಗಿಸಿದರು. ಬಿಸಿಲಿಗೆ ರಕ್ಷಣೆ ಅಂತ ಹೊಲಿದ ಆ ಅಂಗಿಯೇ ಕೊನೆಗೆ ಬೆಳೆ ಉಳಿಸಿದ್ದು. ಮಧ್ಯಾಹ್ನ ಹನ್ನೆರಡಕ್ಕೆ ಅದರ ಮೇಲೆ ಒಂದು ಚೊಂಬು ನೀರು ಚಿಮುಕಿಸುತ್ತಿದ್ದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವ ಲೆಕ್ಕವೇ ಇಲ್ಲೂ.

ನಂಬಿಕೆ ಸಾಲದೆ ಒಂದು ಗಾಜಿನ ಥರ್ಮಾಮೀಟರ್ ತಂದು ಮಣ್ಣಿಗೆ ನಾಲ್ಕು ಇಂಚು ಚುಚ್ಚಿ ನೋಡಿದೆ. ಹೋಲಿಸಲು ಅಂತಲೇ ಒಂದು ಕಪ್ಪು ಗ್ರೋಬ್ಯಾಗ್ ಕೂಡ ಇಟ್ಟಿದ್ದೆ, ಅದೇ ಮಣ್ಣು, ಅದೇ ಬೀಜ. ಡಿಸೆಂಬರ್ ಮಧ್ಯಾಹ್ನ ಮೂರು ಗಂಟೆಗೆ ಕಪ್ಪು ಚೀಲದ ಮಣ್ಣು 33 ಡಿಗ್ರಿ. ಗೋಣಿ ಅಂಗಿ ತೊಟ್ಟ ಚೀಲದಲ್ಲಿ 25. ಬೆಳಿಗ್ಗೆ ಆರಕ್ಕೆ ಎರಡರಲ್ಲೂ 17ರ ಹತ್ತಿರ. ಅಂದರೆ ರಾತ್ರಿ ದಾವಣಗೆರೆಯ ಚಳಿಯೇ ನೋಡಿಕೊಳ್ಳುತ್ತದೆ, ಹಗಲು ಮಾತ್ರ ನಾವು ನೋಡಿಕೊಳ್ಳಬೇಕು. ಚೀಲಗಳನ್ನು ನೀರಿನ ಟ್ಯಾಂಕಿನ ಪೂರ್ವಕ್ಕೆ, ಇಟ್ಟಿಗೆ ಮೇಲೆ ಇಟ್ಟೆ. ಬೆಳಿಗ್ಗೆಯಿಂದ ಒಂದು ಗಂಟೆವರೆಗೆ ಬಿಸಿಲು, ಆಮೇಲೆ ಟ್ಯಾಂಕಿನ ನೆರಳು. ಕಪ್ಪು ಚೀಲ ಪಶ್ಚಿಮದ ಮೂಲೆಯಲ್ಲಿ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು, ಪಾಪ.

ಮಣ್ಣು ಈ ಸಲ ಕೆಮ್ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಎರೆಹುಳು ಗೊಬ್ಬರ ಒಂದು ಪಾಲು, ಗಿರಣಿಯಿಂದ ತಂದ ಸುಟ್ಟ ಭತ್ತದ ಹೊಟ್ಟು ಅರ್ಧ ಪಾಲು. ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ. ಹೊಟ್ಟು ಕಪ್ಪಗೆ ಸುಟ್ಟದ್ದಿರಲಿ, ಪೂರ್ತಿ ಬೆಳ್ಳಗೆ ಬೂದಿ ಆದದ್ದು ಬೇಡ. ಮಣ್ಣು ಎಷ್ಟು ಹಗುರ ಅಂದರೆ ಕೈ ಮೊಣಕೈವರೆಗೆ ಸಲೀಸಾಗಿ ಇಳಿಯಬೇಕು. ಒಂದು ಚೀಲಕ್ಕೆ ಮಾತ್ರ ಅತ್ತೆಯ ಮಾತು ಕೇಳಿ ಸೌದೆ ಒಲೆಯ ಬೂದಿಯನ್ನು ಎರಡು ಬೊಗಸೆ ಸೇರಿಸಿದೆ. ಅದರ ಫಲ ಆಮೇಲೆ ಹೇಳುತ್ತೇನೆ.

ನವೆಂಬರ್ ಎರಡನೇ ವಾರ ನೆಟ್ಟೆ. ಚೀಲದ ಬಾಯಿಯನ್ನು ಪ್ಯಾಂಟಿನ ಕಾಲು ಮಡಚಿದ ಹಾಗೆ ಅರ್ಧಕ್ಕೆ ಮಡಚಿ, ತಳದ ಮೂಲೆ ಕತ್ತರಿಸಿ, ಏಳೆಂಟು ಇಂಚು ಮಣ್ಣು ಹಾಕಿ, ಚೀಲಕ್ಕೆ ಎರಡು ಗಡ್ಡೆ ಮೊಳಕೆ ಮೇಲ್ಮುಖವಾಗಿ ಇಟ್ಟು, ನಾಲ್ಕು ಇಂಚು ಮುಚ್ಚಿದೆ. ಹನ್ನೆರಡನೇ ದಿನ ಮಣ್ಣು ಸೀಳಿಕೊಂಡು ಬಂತು. ಗಿಡ ಎಂಟು ಇಂಚು ಆದಾಗ ಮಡಿಕೆ ಬಿಚ್ಚಿ ಬುಡಕ್ಕೆ ಮಣ್ಣು ಏರಿಸಿದೆ, ಹದಿನೈದು ದಿನಕ್ಕೆ ಇನ್ನೊಂದು ಸಲ.

ಮಣ್ಣು ಏರಿಸುವುದರ ಬಗ್ಗೆ ವಿಡಿಯೋಗಳು ಹೇಳುವುದನ್ನೆಲ್ಲ ನಂಬಬೇಡಿ. ಏರಿಸಿದಷ್ಟೂ ಅಂತಸ್ತು ಅಂತಸ್ತಾಗಿ ಗಡ್ಡೆ ಬಿಡುತ್ತದೆ ಅನ್ನುತ್ತಾರೆ. ಒಂದು ಚೀಲವನ್ನು ನಾನು ಪೂರ್ತಿ ಎತ್ತರಕ್ಕೆ, ಹೆಚ್ಚು ಕಡಿಮೆ ಎರಡೂವರೆ ಅಡಿ ತುಂಬಿಸಿದೆ. ಗಡ್ಡೆ ಸಿಕ್ಕಿದ್ದೆಲ್ಲ ಬೀಜ ಇಟ್ಟ ಜಾಗದ ಸುತ್ತಮುತ್ತ. ಮೇಲಿನ ಅಡಿಗಟ್ಟಲೆ ಮಣ್ಣಿನಲ್ಲಿ ಒಂದೂ ಇಲ್ಲ. ಆಲೂಗಡ್ಡೆ ಬೇರಲ್ಲ, ಕಾಂಡ. ಬುಡದಿಂದ ಬಿಳಿ ದಾರದಂಥ ಕವಲು ಹೊರಟು, ಅದರ ತುದಿ ಊದಿ ಗಡ್ಡೆ ಆಗುತ್ತದೆ. ಕುಫ್ರಿ ಜ್ಯೋತಿಯಂಥ ನೂರು ದಿನದ ತಳಿ ಆ ಕವಲುಗಳನ್ನು ಬುಡದ ಹತ್ತಿರದ ಕೆಲವೇ ಗೆಣ್ಣುಗಳಿಂದ ಬಿಟ್ಟು ಸುಮ್ಮನಾಗುತ್ತದೆ. ಮಣ್ಣು ಏರಿಸುವುದು ಗಡ್ಡೆಗೆ ಬೆಳಕು ತಾಗದಿರಲಿ ಅಂತ. ಬೆಳಕು ತಾಗಿದರೆ ಹಸಿರಾಗುತ್ತದೆ, ಸೊಲನಿನ್ ಅನ್ನೋ ವಿಷ ಸೇರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಅಂಥವು ಎರಡು ಸಿಕ್ಕವು, ಎಸೆದೆ.

ನೀರು ಬೆಳಿಗ್ಗೆ ಮಾತ್ರ, ಬೆರಳು ಚುಚ್ಚಿ ನೋಡಿ. ಎಲೆ ಕೆಳಗೆ ಹೇನು ಕಂಡಾಗ ಬೇವಿನ ಎಣ್ಣೆ ಸೋಪಿನ ನೀರು, ಎರಡು ಸಲ. ಹಿಂಡಿ ಮತ್ತೆ ಹಾಕಲಿಲ್ಲ. ಸಾರಜನಕ ಜಾಸ್ತಿ ಆದರೆ ಎಲೆಯೇ ಜಂಬ ಪಡುತ್ತದೆ ಅಂತ ಮೊದಲ ವರ್ಷವೇ ಕಲಿತಿದ್ದೆ.

ಹೂವಿಗೆ ಕಾದು ಸಾಕಾಯಿತು. ಹೂ ಬಿಟ್ಟರೆ ಗಡ್ಡೆ ಕಟ್ಟಿದೆ ಅಂತ ಅರ್ಥ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಗಿಡ ಒಂದು ಮೊಗ್ಗೂ ಬಿಡಲಿಲ್ಲ. ಹೂವಿಗೆ ಉದ್ದ ಹಗಲು ಬೇಕು, ನಮ್ಮ ಚಳಿಗಾಲದ ಹಗಲು ಗಿಡ್ಡ. ಜನವರಿಯಲ್ಲಿ, ಸಂಕ್ರಾಂತಿಯ ಹಿಂದಿನ ದಿನ, ತಡೆಯಲಾರದೆ ಒಂದು ಚೀಲದ ಬದಿಯಿಂದ ಮೆಲ್ಲಗೆ ಬೆರಳು ಇಳಿಸಿದೆ. ತಣ್ಣನೆಯ ಮಣ್ಣು. ಮೊದಲು ನಾರು, ಆಮೇಲೆ ದಾರದಂಥ ಕವಲು. ಅದನ್ನೇ ಹಿಡಿದು ಮುಂದೆ ಹೋದಾಗ ಬೆರಳಿಗೆ ದುಂಡಗೆ, ನುಣ್ಣಗೆ ಒಂದು ತಾಗಿತು. ಪಕ್ಕದಲ್ಲೇ ಇನ್ನೊಂದು. ಕೀಳದೆ ಮಣ್ಣು ಮುಚ್ಚಿ ಕೆಳಗೆ ಇಳಿದು ಬಂದೆ. ಯಾರಿಗೂ ಹೇಳಲಿಲ್ಲ.

ಫೆಬ್ರವರಿ ಮೊದಲ ವಾರ ಎಲೆ ಹಳದಿಯಾಯಿತು. ನೀರು ನಿಲ್ಲಿಸಿ, ಗಿಡವನ್ನು ಬುಡಕ್ಕೆ ಕತ್ತರಿಸಿ, ಹತ್ತು ದಿನ ಬಿಟ್ಟೆ. ಸಿಪ್ಪೆ ಗಟ್ಟಿಯಾಗಲು ಇದು ಬೇಕು. ಹೆಬ್ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರಬಾರದು. ಆಮೇಲೆ ಅದೇ ಹಳೇ ಸೀರೆ ಹಾಸಿ, ಚೀಲ ಬೋರಲು ಹಾಕಿದೆ. ಈ ಸಲ ಯಾರನ್ನೂ ಕರೆದಿರಲಿಲ್ಲ.

ಮೊದಲ ಚೀಲದಲ್ಲಿ 1 ಕೆಜಿ 100 ಗ್ರಾಂ. ಎತ್ತರಕ್ಕೆ ಮಣ್ಣು ತುಂಬಿದ್ದರಲ್ಲಿ 950 ಗ್ರಾಂ. ಒಲೆ ಬೂದಿ ಹಾಕಿದ್ದರಲ್ಲಿ 900, ಆದರೆ ಗಡ್ಡೆಯ ಮೈಯೆಲ್ಲ ಕಜ್ಜಿ ಎದ್ದ ಹಾಗೆ ಒರಟು. ಬೂದಿಯಿಂದ ಮಣ್ಣು ಕ್ಷಾರವಾದರೆ ಈ ಕಜ್ಜಿ ರೋಗಕ್ಕೆ ಹಬ್ಬ. ಸಿಪ್ಪೆ ದಪ್ಪಗೆ ತೆಗೆದು ತಿನ್ನಬಹುದು, ರುಚಿ ಕೆಟ್ಟಿರಲಿಲ್ಲ. ಒಂದು ಗಿಡ ಕಿತ್ತೆಸೆದಿದ್ದ ಚೀಲದಲ್ಲಿ 600. ಕಪ್ಪು ಗ್ರೋಬ್ಯಾಗ್‌ನಲ್ಲಿ 400 ಗ್ರಾಂ, ಎಲ್ಲ ನಿಂಬೆಕಾಯಿ ಗಾತ್ರ. ಒಟ್ಟು 4 ಕೆಜಿಗೆ ಐವತ್ತು ಗ್ರಾಂ ಕಡಿಮೆ. ನಾರಿನ ಪುಡಿ, ಎರೆಗೊಬ್ಬರಕ್ಕೆ ಕೊಟ್ಟ ದುಡ್ಡಲ್ಲಿ ಸಂತೆಯಲ್ಲಿ ಮೂಟೆಯ ಕಾಲು ಭಾಗ ಬರುತ್ತಿತ್ತು. ಲಾಭಕ್ಕೆ ಅಂತ ಯಾರೂ ಇದಕ್ಕೆ ಕೈ ಹಾಕಬೇಡಿ.

ಅತ್ತೆ ಕಜ್ಜಿ ಗಡ್ಡೆಗಳನ್ನು ಮೊದಲು ಮುಗಿಸೋಣ ಅಂತ ಆರಿಸಿಟ್ಟು ಪಲ್ಯ ಮಾಡಿದರು. ಬೂದಿಯ ವಿಷಯ ಅವರಿಗೆ ಇನ್ನೂ ಹೇಳಿಲ್ಲ. ಆ ಮಣ್ಣಿಗೆ ಈ ವರ್ಷ ಬದನೆ, ಟೊಮ್ಯಾಟೊ ಹಾಕುವ ಹಾಗಿಲ್ಲ, ಎರಡೂ ಆಲೂಗಡ್ಡೆಯ ಕುಲವೇ, ರೋಗಗಳೂ ಒಂದೇ. ಸದ್ಯಕ್ಕೆ ಮೆಂತ್ಯ ಚೆಲ್ಲಿದ್ದೇನೆ. ಗೋಣಿ ಅಂಗಿ ನಾಲ್ಕನ್ನೂ ಒಗೆದು ಒಣಗಿಸಿ ಮಡಚಿಟ್ಟಿದ್ದೇನೆ, ಒಂದಕ್ಕೆ ತೇಪೆ ಬೇಕು.