ಮೂರು ಜನ, ಒಂದೇ ತಾಳ: ಬಾಲಿಯ ಹೆಣೆದ ಬಡಿತ ಕಲಿಯುವುದು ಹೀಗೆ

ಮುದಗಲ್ ಮೊಹರಂ ನೋಡಿದವರಿಗೆ ಗೊತ್ತಿರುತ್ತದೆ, ಸಾಲಾಗಿ ನಿಂತು ಹಲಗೆ ಬಡಿಯುವಾಗ ಆ ಪೆಟ್ಟು ಎದೆಯೊಳಗೇ ಬೀಳುತ್ತದೆ. ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ದೇವಸ್ಥಾನದ ಮೆರವಣಿಗೆಗೆ ನುಡಿಸುವ ಬೆಲೆಗಂಜುರ್ ಮೇಳದಲ್ಲೂ ಅದೇ ಬಲ ಇದೆ, ಆದರೆ ಕಟ್ಟಿರುವ ರೀತಿ ಬೇರೆ. ಅಲ್ಲಿ ಪೂರ್ತಿ ತಾಳ ಯಾರ ಕೈಯಲ್ಲೂ ಇರುವುದಿಲ್ಲ. ಒಬ್ಬ ಬಿಟ್ಟ ಜಾಗದಲ್ಲಿ ಇನ್ನೊಬ್ಬ ಹೊಡೆಯುತ್ತಾನೆ, ಉಳಿದದ್ದನ್ನು ಮೂರನೆಯವ ತುಂಬುತ್ತಾನೆ, ಕೇಳುವವರಿಗೆ ಮಾತ್ರ ಎಲ್ಲೂ ಕಡಿಯದ ಒಂದೇ ಓಟ. ಈ ಹೆಣಿಗೆಗೆ ಅಲ್ಲಿನವರು ಕೊತೆಕಾನ್ ಅಂತಾರೆ. ಕೊಪ್ಪಳದ ಕಡೆ ನಮ್ಮ ಭಜನೆ ಹುಡುಗರಿಗೆ ಒಂದು ಬೇಸಿಗೆ ಇದನ್ನು ಹೇಳಿಕೊಟ್ಟೆ, ಹಾಗಾಗಿ ಎಲ್ಲಿ ಕೈ ತಪ್ಪುತ್ತದೆ ಅಂತ ಗೊತ್ತು.

ಬೇಕಾಗಿರುವುದು ಮೂರು ಜೊತೆ ಭಜನೆ ತಾಳ, ಒಂದು ಜಾಗಟೆ, ಒಂದು ಹಿತ್ತಾಳೆ ಲೋಟ. ಬಾಲಿಯವರದು ಚೆಂಗ್‌ಚೆಂಗ್ ಅನ್ನುವ ದೊಡ್ಡ ಕೈತಾಳ, ನಮ್ಮದು ಚಿಕ್ಕದಾದರೂ ಕಲಿಯೋಕೆ ಸಾಕು. ಐದು ಜನ ಇರಲಿ.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಾಲಾಗಿ ಎಂಟು ಮನೆ ಬರೆಯಿರಿ, ಕುಂಟೆಬಿಲ್ಲೆಗೆ ಬರೆದ ಹಾಗೆ. ಅದರ ಕೆಳಗೆ ಇನ್ನೆರಡು ಸಾಲು. ಈಗ ಹುಣಸೆ ಬೀಜ ಇಡಿ. ಮೊದಲನೆಯವನ ಸಾಲಲ್ಲಿ ಒಂದು, ನಾಲ್ಕು, ಏಳನೇ ಮನೆಗೆ. ಎರಡನೆಯವನದು ಎರಡು, ಐದು, ಎಂಟು. ಮೂರನೆಯವನಿಗೆ ಮೂರು, ಆರು, ಆಮೇಲೆ ಮುಂದಿನ ಸುತ್ತಿನ ಒಂದು, ಅಂದರೆ ಎಂಟು ಮನೆ ಮುಗಿದು ಮತ್ತೆ ಮೊದಲ ಮನೆ. ಗಮನಿಸಿ ನೋಡಿ, ಮೂವರದೂ ಒಂದೇ ಬಡಿತ, ಒಬ್ಬರಿಗಿಂತ ಒಬ್ಬರು ಒಂದು ಮನೆ ತಡವಾಗಿ ಶುರು ಮಾಡುತ್ತಾರೆ ಅಷ್ಟೇ. ಬೀಜ ಇಟ್ಟಾಗ ಎಂಟೂ ಮನೆ ತುಂಬುತ್ತವೆ, ಮೊದಲ ಮನೆಗೆ ಮಾತ್ರ ಎರಡು ಪೆಟ್ಟು ಬೀಳುತ್ತದೆ.

ಲೋಟದವರು ಒಂದು ಮತ್ತು ಐದಕ್ಕೆ ಬಡಿಯಬೇಕು, ಏನೇ ಆದರೂ ವೇಗ ಬದಲಿಸಬಾರದು. ಬಾಲಿಯಲ್ಲೂ ಈ ಕೆಲಸಕ್ಕೇ ಒಂದು ಸಣ್ಣ ಗಾಂಗ್ ಇಟ್ಟಿರುತ್ತಾರೆ. ಜಾಗಟೆಯವರು ನಾಲ್ಕು ಸುತ್ತಿಗೊಮ್ಮೆ, ಒಂದನೇ ಮನೆಗೆ. ನಾವು ಆ ಪೆಟ್ಟನ್ನು ಹೊಸ ಸುತ್ತಿನ ಶುರು ಅಂತ ಎಣಿಸ್ತೀವಿ, ಬಾಲಿಯವರ ಕಿವಿಗೆ ಅದು ಹಿಂದಿನ ಸುತ್ತಿನ ಕೊನೆ. ಒಂದು ದಿನ ಹಾಗೆ ಎಣಿಸಿ ನೋಡಿ, ಅದೇ ತಾಳ ಬೇರೆ ಥರ ಕೇಳಿಸುತ್ತದೆ.

ಮೊದಲ ದಿನ ತಾಳ ಮುಟ್ಟಬೇಡಿ, ಬಾಯಲ್ಲಿ 'ಚಕ್' ಅನ್ನಿ, ಸಾಕು. ಬಾಲಿಯ ಕೆಚಾಕ್‌ನಲ್ಲಿ ಗಂಡಸರ ದೊಡ್ಡ ಗುಂಪು ವೃತ್ತವಾಗಿ ಕೂತು ಬರೀ ಬಾಯಲ್ಲೇ ಇಂಥ ಹೆಣಿಗೆ ಹಾಕುತ್ತದೆ. ಮೊದಲನೆಯವನು ಒಬ್ಬನೇ ಲೋಟದ ಜೊತೆ ಹಾಯಾಗಿ ಅನ್ನುವವರೆಗೂ ಎರಡನೆಯವನು ಸುಮ್ನೆ ಕೂತಿರಬೇಕು. ಸೇರಿಕೊಂಡ ಮೇಲೆ ಅವನು ಜಾರುವುದು ಗ್ಯಾರಂಟಿ, ಗೊತ್ತಿಲ್ಲದೆ ಮೊದಲನೆಯವನ ಪೆಟ್ಟಿನ ಮೇಲೇ ಹೋಗಿ ಕೂರುತ್ತಾನೆ. ನಮ್ಮ ಹುಡುಗರು ಎರಡು ಸಂಜೆ ಪೂರ್ತಿ ಇದರಲ್ಲೇ ಒದ್ದಾಡಿದರು. ಕಿವಿ ಮುಚ್ಚಿಕೊಂಡು ಒಂದು, ಎರಡು ಅಂತ ಎಣಿಸಿದವರು ಬೇಗ ತಪ್ಪಿದರು, ಪಕ್ಕದವನ ಪೆಟ್ಟು ಕೇಳಿ ಅದರ ಬೆನ್ನಿಗೇ ತಮ್ಮದನ್ನು ಹಾಕಿದವರು ನಿಂತರು. ಎಣಿಕೆ ಬಿಡಿ, ಪಕ್ಕದವನನ್ನು ಕೇಳಿ.

ತಾಳ ಕೈಗೆ ಬಂದಾಗ ಹೊಡೆದ ಕೂಡಲೇ ಎರಡೂ ಬಿಲ್ಲೆಗಳನ್ನು ಒತ್ತಿಹಿಡಿದು ನಾದ ನಿಲ್ಲಿಸಿ. ಇದನ್ನು ಮಾಡದಿದ್ದರೆ ಮೂವರ ನಾದ ಕಲಸಿಹೋಗಿ ಹೆಣಿಗೆಯೇ ಕೇಳುವುದಿಲ್ಲ. ಗಂಗ್ಸಾ ಅನ್ನುವ ಕಂಚಿನ ಪಟ್ಟಿಗಳ ವಾದ್ಯದಲ್ಲೂ ಹಾಗೇ, ಬಲಗೈ ಸುತ್ತಿಗೆಯಲ್ಲಿ ಹೊಡೆಯುತ್ತಾ ಹೋದರೆ ಎಡಗೈ ಹಿಂದಿನ ಪಟ್ಟಿಯನ್ನು ಹಿಡಿದು ನಿಲ್ಲಿಸುತ್ತಾ ಬರುತ್ತದೆ. ಆ ವಾದ್ಯಗಳನ್ನು ಜೋಡಿಯಾಗಿ ಮಾಡುತ್ತಾರೆ, ಒಂದರ ಶ್ರುತಿ ಇನ್ನೊಂದಕ್ಕಿಂತ ಬೇಕಂತಲೇ ಕೂದಲೆಳೆಯಷ್ಟು ಮೇಲೆ. ಎರಡನ್ನೂ ಒಟ್ಟಿಗೆ ಹೊಡೆದಾಗ ನಾದ ನೀರಿನ ಅಲೆಯ ಹಾಗೆ ನಡುಗುತ್ತದೆ. ಅದಕ್ಕೆ ಒಂಬಾಕ್ ಅಂತ ಹೆಸರು, ಅಲೆ ಅಂತಲೇ ಅರ್ಥ.

ಕೂತು ಬಂದರೆ ಎದ್ದು ನಡೆಯಿರಿ. ಇದು ಮೆರವಣಿಗೆಯ ತಾಳ ಅಲ್ವಾ. ಹೆಜ್ಜೆ ಲೋಟದ ಪೆಟ್ಟಿಗೆ ಬೀಳಲಿ. ಕಷ್ಟ ಇರುವುದು ಎರಡನೆಯವನಿಗೆ, ಅವನ ಎರಡು ಪೆಟ್ಟು ಲೋಟದ ಪೆಟ್ಟಿನ ಹಿಂದಿನ ಮನೆಗೆ ಒಂದು, ಮುಂದಿನ ಮನೆಗೆ ಒಂದು ಅಂತ ಬೀಳುತ್ತವೆ, ಐದಕ್ಕೆ ಮಾತ್ರ ಕಾಲು ಕೈ ಕೂಡುತ್ತವೆ. ದಿನಕ್ಕೊಮ್ಮೆ ಜಾಗ ಬದಲಿಸಿಕೊಳ್ಳಿ, ಎಲ್ಲರಿಗೂ ಮೂರೂ ಬರಲಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ತಾಳ ಕಲಿಯಿರಿ, ಅಲ್ಲಿನ ದೇವರ ಕುಣಿತವನ್ನು ತಂದು ವೇದಿಕೆಗೆ ಹತ್ತಿಸಬೇಡಿ. 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಬಾಲಿಯ ಕುಣಿತಗಳಲ್ಲಿ ಮೂರು ಬಗೆ ಇವೆ: ದೇವರಿಗೇ ಮೀಸಲಾದದ್ದು, ಅರ್ಧ ಪೂಜೆಯದು, ಜನರ ನೋಟಕ್ಕೆ ಇರುವುದು. ಹೆಂಗಸರು, ಹೆಣ್ಣುಮಕ್ಕಳು ಗುಡಿಯ ಅಂಗಳದಲ್ಲಿ ಸಾಲಾಗಿ ಮೆಲ್ಲಗೆ ಹೆಜ್ಜೆ ಹಾಕುವ ರೆಜಾಂಗ್ ಮೊದಲನೇ ಬಗೆಯದು. ನಮ್ಮ ಮೊಹರಂನ ಅಲಾಯಿ ಕುಣಿತ ಕೆಂಡದ ಕುಣಿಯ ಸುತ್ತ ಇದ್ದರೇ ಅಲಾಯಿ, ಗ್ಯಾದರಿಂಗ್ ಸ್ಟೇಜ್ ಮೇಲೆ ಅದರ ಜೀವ ಇರುವುದಿಲ್ಲ. ರೆಜಾಂಗ್ ಕೂಡ ಹಾಗೇ. ಈ ತಾಳಕ್ಕೆ ಹೆಜ್ಜೆ ಬೇಕು ಅನಿಸಿದರೆ ಕೋಲಾಟ ಜೋಡಿಸಿ, ಚೆನ್ನಾಗಿ ಹೊಂದುತ್ತದೆ.

ಇನ್ನು, ಬಾಲಿಯಲ್ಲಿ ನೆಲದ ಮೇಲಿಟ್ಟ ವಾದ್ಯವನ್ನು ಯಾರೂ ದಾಟುವುದಿಲ್ಲ, ಸುತ್ತಿ ಬರುತ್ತಾರೆ. ನೀವೂ ತಾಳ, ಜಾಗಟೆ ದಾಟಬೇಡಿ, ಕಲಿತು ಮುಗಿದ ಮೇಲೆ ಒರೆಸಿ ಬಟ್ಟೆಯಲ್ಲಿ ಕಟ್ಟಿಡಿ.