ಡಿಸ್ನಿ ವರ್ಲ್ಡ್‌ನಲ್ಲಿ ಊಟ: ಅಜ್ಜನಿಗೆ ಅನ್ನ, ಮೊಮ್ಮಗನಿಗೆ ಬರೀ ಚೀಸು

ಅಮೆರಿಕದಲ್ಲಿ ಮಕ್ಕಳಿರುವ ನಮ್ಮಂಥ ಹಿರಿಯರು ಒಂದಲ್ಲ ಒಂದು ಸಲ ಫ್ಲಾರಿಡಾದ ಒರ್ಲ್ಯಾಂಡೊಗೆ ಹೋಗಿಯೇ ಹೋಗುತ್ತೇವೆ. ಮಗನಿಗೆ ನಾಲ್ಕು ದಿನ ರಜೆ ಸಿಕ್ಕಿದರೆ ಸಾಕು, ಡಿಸ್ನಿ ವರ್ಲ್ಡ್‌ಗೆ ಟಿಕೆಟ್ ಬಂದಿರುತ್ತದೆ. ಬೀಗರೂ ಅದೇ ಹೊತ್ತಿಗೆ ಊರಿನಿಂದ ಬಂದಿದ್ದರೆ ಅವರೂ ಜೊತೆಗೆ. ಟಿಕೆಟ್, ಹೋಟೆಲು, ಯಾವ ರೈಡ್ ಮೊದಲು, ಯಾವುದು ಆಮೇಲೆ ಎಂದು ಹುಡುಗರು ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಾರೆ. ಊಟದ ಮಾತೆತ್ತಿದರೆ ಮಾತ್ರ “ಅಲ್ಲೇ ಏನಾದರೂ ಸಿಗುತ್ತದೆ ಬಿಡಮ್ಮ” ಎನ್ನುತ್ತಾರೆ. ಸಿಗುತ್ತದೆ, ಸುಳ್ಳಲ್ಲ. ಆದರೆ ಮಧ್ಯಾಹ್ನ ಒಂದೂವರೆಯ ಬಿಸಿಲಲ್ಲಿ ಮನೆಮಂದಿಯೆಲ್ಲ ಸಾಲಿನಲ್ಲಿ ನಿಂತು, ಒಬ್ಬರು ಅನ್ನ ಬೇಕೆಂದು, ಒಬ್ಬರು ಈರುಳ್ಳಿ ಮುಟ್ಟುವುದಿಲ್ಲವೆಂದು, ಐದು ವರ್ಷದವನು ಹಸಿರು ಕಂಡರೆ ತಟ್ಟೆಯನ್ನೇ ತಳ್ಳುತ್ತೇನೆಂದು ಹೇಳುವಾಗ ಅಲ್ಲಿ ಸಿಗುವುದು ಊಟವಲ್ಲ, ಜಗಳ.

ಇದಕ್ಕೆ ನಾನು ಕಂಡುಕೊಂಡ ಸೂತ್ರ ಒಂದೇ. ಎಲ್ಲರಿಗೂ ಇಷ್ಟವಾಗುವ ಅಡುಗೆ ಹುಡುಕಬೇಡಿ, ಅಂಥದ್ದು ನಮ್ಮ ಮನೆಯಲ್ಲೇ ಇಲ್ಲ. ಬಿಡಿಬಿಡಿಯಾಗಿ ಬಡಿಸುವ ಜಾಗ ಹುಡುಕಿ. ಬಾಳೆಲೆಯ ಊಟದಲ್ಲಿ ಕೋಸಂಬರಿ ಬೇಡದವರು ಅದನ್ನು ಬದಿಗೆ ಸರಿಸಿ ಸುಮ್ಮನೆ ಉಂಡೇಳುತ್ತಾರಲ್ಲ, ಹಾಗೆ ಅನ್ನವೋ ರೊಟ್ಟಿಯೋ ಒಂದು ಕಡೆ, ಗೊಜ್ಜಿನಂಥದ್ದು ಇನ್ನೊಂದು ಕಡೆ ಇರುವಲ್ಲಿ ತಕರಾರಿನವರೂ ತಮ್ಮಷ್ಟಕ್ಕೆ ತಾವು ತಿನ್ನುತ್ತಾರೆ. ಎಲ್ಲವನ್ನೂ ಮೊದಲೇ ಕಲಸಿ, ಮೇಲೆ ಸಾಸ್ ಸುರಿದು ತರುವ ಕಡೆ ಒಬ್ಬರಾದರೂ ಉಪವಾಸ ಬೀಳುತ್ತಾರೆ.

ಮೆನು ನೋಡುವುದಕ್ಕೆ ಮೊದಲು ಯಾರ ಹೊಟ್ಟೆ ಹೇಗೆ ಎಂದು ಮನೆಯಲ್ಲೇ ಕೂತು ಮಾತಾಡಿಕೊಳ್ಳಿ. ತಕರಾರೆಂದರೆ ಮಕ್ಕಳದ್ದು ಎಂದುಕೊಳ್ಳುತ್ತೇವೆ. ನನ್ನನ್ನು ಕೇಳಿದರೆ ಮಕ್ಕಳೇ ವಾಸಿ, ಬೇಡ ಎಂದು ಬಾಯಿಬಿಟ್ಟು ಅಳುತ್ತಾರೆ. ಯಜಮಾನರುಗಳು ಹಾಗಲ್ಲ. “ನನಗೇನಪ್ಪ, ಏನಾದರೂ ಆದೀತು” ಎಂದು ಕೂತು, ತಟ್ಟೆ ಬಂದ ಮೇಲೆ ಚಮಚದಲ್ಲಿ ಅತ್ತ ಇತ್ತ ತಳ್ಳುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಹಾಗೆ ತಳ್ಳುತ್ತ ಕೂತರೆ ಕೆಲವರಿಗೆ ಕೈ ನಡುಗಲು ಶುರುವಾಗಬಹುದು. ಆದ್ದರಿಂದ ಊಟದ ಹೊತ್ತನ್ನು ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹೊಂದುವಂತೆ ಇಟ್ಟುಕೊಳ್ಳಿ, ರೈಡಿನ ಹೊತ್ತಿಗಲ್ಲ.

ಮೇಜಿಗೆ ತಂದು ಬಡಿಸುವ ರೆಸ್ಟೋರೆಂಟುಗಳಲ್ಲಿ 60 ದಿನ ಮುಂಚಿನಿಂದ ಜಾಗ ಕಾದಿರಿಸಬಹುದು. ಡಿಸ್ನಿಯದೇ ಹೋಟೆಲಿನಲ್ಲಿ ಇಳಿದುಕೊಳ್ಳುವವರಿಗೆ ಇನ್ನೂ ಅನುಕೂಲ. ಹೋಟೆಲಿಗೆ ಹೋಗುವ ದಿನಕ್ಕೆ 60 ದಿನ ಇರುವಾಗಲೇ ಅಲ್ಲಿರುವಷ್ಟು ದಿನದ ಊಟವನ್ನು, ಹತ್ತು ದಿನದವರೆಗೆ, ಒಟ್ಟಿಗೇ ಕಾದಿರಿಸಿಕೊಳ್ಳಬಹುದು. ಹುಡುಗರು ಫೋನು ಹಿಡಿದು ಕೂತಾಗ ನೀವು ಪಂಚಾಂಗ ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ, ನಾಚಿಕೆ ಬೇಡ. ಏಕಾದಶಿಯ ದಿನ ಬಫೆಗೆ ದುಡ್ಡು ಕೊಟ್ಟು ಬೀಗಿತ್ತಿ ಬಾಳೆಹಣ್ಣು ತಿಂದರೆ ಯಾರಿಗೆ ಸುಖ? ಸಂಕಷ್ಟಿಯ ದಿನ ಸಂಜೆ ಆರಕ್ಕೆ ಮೇಜು ಹಿಡಿದರೆ ಚಂದ್ರ ಹುಟ್ಟುವುದಕ್ಕೆ ಮೊದಲೇ ಬಿಲ್ಲು ಬಂದಿರುತ್ತದೆ. ಮನಸ್ಸು ಬದಲಾದರೆ ಕಾದಿರಿಸಿದ ಹೊತ್ತಿಗೆ ಎರಡು ಗಂಟೆ ಮೊದಲೇ ರದ್ದು ಮಾಡಿಬಿಡಿ. ಇಲ್ಲದಿದ್ದರೆ ಹೆಚ್ಚಿನ ಕಡೆ ತಲೆಗೆ 10 ಡಾಲರಿನಂತೆ ದಂಡ ಬೀಳುತ್ತದೆ.

ಇನ್ನು ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲದ ಸಂಗತಿ: ಡಿಸ್ನಿ ವರ್ಲ್ಡ್ ಒಳಕ್ಕೆ ಮನೆಯ ತಿಂಡಿ ಒಯ್ಯಬಹುದು. ಬಿಡದಿಯ ವಂಡರ್‌ಲಾದಲ್ಲಿ ಹೊರಗಿನ ತಿಂಡಿ ಬಾಗಿಲಲ್ಲೇ ನಿಲ್ಲುತ್ತದೆ, ಅದನ್ನು ನೋಡಿದ ಅಭ್ಯಾಸದಿಂದ ಇಲ್ಲಿಯೂ ಹಾಗೇ ಎಂದುಕೊಂಡು ಬರಿಗೈಯಲ್ಲಿ ಹೋಗುತ್ತೇವೆ. ಇಲ್ಲಿಯ ನಿಯಮ ಇಷ್ಟೇ: ಗಾಜಿನ ಬಾಟಲಿ, ಮದ್ಯ ಬೇಡ, ಬಿಸಿ ಮಾಡಬೇಕಾದ ಪದಾರ್ಥ ಬೇಡ. ಬಾಗಿಲಲ್ಲಿ ಚೀಲ ತೆರೆದು ನೋಡುತ್ತಾರೆ, ನೋಡಿಕೊಳ್ಳಲಿ. ಉಪ್ಪಿನಕಾಯಿಯನ್ನು ಗಾಜಿನ ಜಾಡಿಯಿಂದ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿಸಿಕೊಂಡು, ಮುಚ್ಚಳದ ಸುತ್ತ ಬಟ್ಟೆ ಸುತ್ತಿ ಒಯ್ಯಿರಿ. ಫ್ಲಾರಿಡಾದ ಬಿಸಿಲಿಗೆ ಮೊಸರನ್ನ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ಅನ್ನಕ್ಕೆ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿ ಕಲಸಿ, ಐಸ್ ಪ್ಯಾಕ್ ಇರುವ ಚೀಲದಲ್ಲಿಟ್ಟರೆ ಒಂದು ಗಂಟೆಯ ಹೊತ್ತಿಗೆ ಹದವಾಗಿರುತ್ತದೆ. ಪುಳಿಯೋಗರೆಗೆ ಈ ಯಾವ ರಗಳೆಯೂ ಇಲ್ಲ. ಚಪಾತಿಗೆ ತುಪ್ಪ ಸಕ್ಕರೆ ಸವರಿ ಸುತ್ತಿಟ್ಟದ್ದು ಮಕ್ಕಳಿಗೂ ಆಯಿತು, ಹಲ್ಲಿಲ್ಲದವರಿಗೂ ಆಯಿತು. ಕುಡಿಯುವ ನೀರಿಗೆ ದುಡ್ಡು ಕೊಡಬೇಡಿ, ಕೌಂಟರಿನಲ್ಲಿ ಊಟ ಕೊಡುವ ಕಡೆಗಳಲ್ಲಿ ಕೇಳಿದರೆ ಐಸ್ ಹಾಕಿದ ನೀರು ಲೋಟದಲ್ಲಿ ಪುಕ್ಕಟೆ ಕೊಡುತ್ತಾರೆ.

ಚೀಲದಲ್ಲಿ ಇಷ್ಟು ಇದೆ ಎಂದಾದರೆ ರೆಸ್ಟೋರೆಂಟ್ ಆರಿಸುವುದು ಸುಲಭ. ಹಸಿದವರು ಯಾರೂ ಇಲ್ಲದಾಗ ಆಯ್ಕೆ ನೆಟ್ಟಗಾಗುತ್ತದೆ.

ಡಿಸ್ನಿ ವರ್ಲ್ಡ್‌ನ ಪಾರ್ಕುಗಳಲ್ಲಿ ಒಂದಾದ ಅನಿಮಲ್ ಕಿಂಗ್‌ಡಂನಲ್ಲಿ, ಪಂಡೋರ ಎಂಬ ಭಾಗದಲ್ಲಿ ಸಾತುಲಿ ಕ್ಯಾಂಟೀನ್ ಎಂದಿದೆ. ನನ್ನ ಸೂತ್ರಕ್ಕೆ ತಕ್ಕ ಜಾಗ. ಬಟ್ಟಲಿನ ತಳಕ್ಕೆ ಅನ್ನ ಬೇಕೋ ಸೊಪ್ಪು ಬೇಕೋ ನೀವೇ ಹೇಳಬೇಕು, ಮೇಲೆ ತೋಫುವೋ (ಸೋಯಾ ಹಾಲಿನ ಪನೀರಿನಂಥದ್ದು) ಕೋಳಿಯೋ ಅದನ್ನೂ ನೀವೇ ಹೇಳಬೇಕು, ಸಾಸ್ ಯಾವುದೆಂಬುದೂ ನಿಮ್ಮದೇ ಆಯ್ಕೆ. ಸಾಸನ್ನು ಬೇರೆಯಾಗಿ ಕೊಡಿ ಎಂದು ಕೇಳಿ. ಅಜ್ಜ ಅದನ್ನು ಪಕ್ಕಕ್ಕಿಟ್ಟು ಅನ್ನಕ್ಕೆ ಮನೆಯ ಚಟ್ನಿಪುಡಿ ಕಲಸಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ಅದೇ ಅಡುಗೆಮನೆಯಲ್ಲಿ ದನದ ಮಾಂಸವೂ ಬೇಯುತ್ತದೆ. ಅದು ಮನಸ್ಸಿಗೆ ಬಾರದವರಿಗೆ ಮೊದಲೇ ಹೇಳಿ, ಉಣ್ಣುವಾಗ ಹೇಳಬೇಡಿ.

ಆದರೆ ಒಂದೇ ಒಂದು ಕಡೆ ಕೂತು ಉಣ್ಣುವ ಹಣವಿದ್ದರೆ ನಾನು ಹೇಳುವುದು ಸನಾ. ಇದು ಪಾರ್ಕಿನ ಒಳಗಿಲ್ಲ, ಅನಿಮಲ್ ಕಿಂಗ್‌ಡಂ ಲಾಡ್ಜ್ ಎಂಬ ಹೋಟೆಲಿನ ಕಿಡಾನಿ ವಿಲೇಜ್ ಭಾಗದಲ್ಲಿದೆ. ಅಲ್ಲಿ ತಂಗದವರೂ ಹೋಗಬಹುದು. ಆಫ್ರಿಕದ ಅಡುಗೆಗೆ ನಮ್ಮ ದೇಶದ ಮಸಾಲೆ ಬೆರೆತ ಊಟ. ಬ್ರೆಡ್ ಸರ್ವೀಸ್ ಎಂಬುದನ್ನೇ ತರಿಸಿ. ನಾನ್, ಕುಲ್ಚಾ, ಪನೀರ್ ಪರಾಠಾ ಹೀಗೆ ಬಗೆಬಗೆಯ ರೊಟ್ಟಿಗಳು, ಅವುಗಳ ಜೊತೆ ಸೌತೆಕಾಯಿ ರಾಯಿತ, ಕೊತ್ತಂಬರಿ ಚಟ್ನಿ, ಹುಣಸೆ ಚಟ್ನಿ, ಮಾವಿನ ಚಟ್ನಿ, ಬೆಳ್ಳುಳ್ಳಿ ಉಪ್ಪಿನಕಾಯಿ, ಸಂಬಾಲ್ ಎಂಬ ಬಾಯಿ ಉರಿಸುವ ಮೆಣಸಿನಕಾಯಿ ಚಟ್ನಿ, ಎಲ್ಲ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಸಾಲಾಗಿ ಬರುತ್ತವೆ. ಖಾರವಿಲ್ಲದ್ದು ಹುಡುಗನ ಕಡೆಗೆ, ಉರಿಯುವುದು ಅಜ್ಜನ ಕಡೆಗೆ. ಬರಿಯ ನಾನ್ ಹರಿದು ತಿನ್ನುವ ಮಗುವನ್ನು ಯಾರೂ ಗದರಿಸಬೇಕಾಗಿಲ್ಲ, ಏಕೆಂದರೆ ಅಲ್ಲಿ ಎಲ್ಲರೂ ಹರಿದೇ ತಿನ್ನುತ್ತಿರುತ್ತಾರೆ. ಕಿಟಕಿಯಾಚೆ ಜಿರಾಫೆ, ಜೀಬ್ರಾಗಳು ಮೇಯುವ ಬಯಲು. ಬೆಳಕಿರುವಾಗಲೇ ಹೋಗಿ, ಕತ್ತಲಾದರೆ ಗಾಜಿನಲ್ಲಿ ನಿಮ್ಮ ಮುಖವೇ ಕಾಣುವುದು. ಜಿರಾಫೆ ಕತ್ತು ಚಾಚಿದಾಗ ಮಗು ಬಾಯಿ ತೆರೆಯುತ್ತದೆ, ಆಗ ಒಂದು ತುತ್ತು ಇಡಿ. ಇದು ಚಂದಮಾಮನ ಕಾಲದಿಂದ ಬಂದ ಉಪಾಯ.

ಎಪ್ಕಾಟ್ ಎಂಬ ಇನ್ನೊಂದು ಪಾರ್ಕಿನಲ್ಲಿ ಊಟದ ಜಾಗಗಳು ಹೆಚ್ಚು, ನಡಿಗೆಯೂ ಹೆಚ್ಚು. ಹನ್ನೊಂದು ದೇಶಗಳ ಹೆಸರಿನ ಮಂಟಪಗಳು ಒಂದು ಕೆರೆಯ ಸುತ್ತ ಇವೆ, ಒಂದು ಸುತ್ತು ಬಂದರೆ ಸುಮಾರು ಎರಡು ಕಿಲೋಮೀಟರ್. ಇಟಲಿಯ ಮಂಟಪದ ವಿಯಾ ನಾಪೋಲಿಯಲ್ಲಿ ಸೌದೆಯ ಒಲೆಯಲ್ಲಿ ಬೇಯಿಸಿದ ಪಿಜ್ಜಾ ಸಿಗುತ್ತದೆ. ಒಲೆಗಳಿಗೆ ಇಟಲಿಯ ಜ್ವಾಲಾಮುಖಿಗಳ ಹೆಸರಿಟ್ಟಿದ್ದಾರೆ, ಮಕ್ಕಳಿಗೆ ತೋರಿಸಿ. ಬರಿಯ ಟೊಮೇಟೊ, ಚೀಸ್ ಹಾಕಿದ ದೊಡ್ಡ ಪಿಜ್ಜಾ ಒಂದು ತರಿಸಿದರೆ ಮೂರು ತಲೆಮಾರಿಗೂ ನಡೆಯುತ್ತದೆ. ಆದರೆ ಇಟಲಿ ಇರುವುದು ಕೆರೆಯ ಆಚೆ ದಡದಲ್ಲಿ. ಮಂಡಿ ನೋವಿರುವವರನ್ನು ಅಷ್ಟು ದೂರ ನಡೆಸಿಕೊಂಡು ಹೋಗಿ ಊಟ ರುಚಿಯಿಲ್ಲ ಎನ್ನಿಸಿಕೊಳ್ಳಬೇಡಿ. ಕೆರೆಯ ಈ ದಡದಿಂದ ಜರ್ಮನಿ ಮಂಟಪದ ಹತ್ತಿರಕ್ಕೆ ದೋಣಿ ಹೋಗುತ್ತದೆ, ಇಟಲಿ ಅದರ ಪಕ್ಕದಲ್ಲೇ.

ಅದೇ ಎಪ್ಕಾಟ್‌ನ ಗಾರ್ಡನ್ ಗ್ರಿಲ್ ಬಗ್ಗೆ ನನಗೆ ಎರಡು ಮನಸ್ಸು. ಇಡೀ ಊಟದ ಮನೆ ನಿಧಾನವಾಗಿ ಸುತ್ತುತ್ತದೆ, ಮಿಕ್ಕಿ ಇಲಿಯಪ್ಪನ ವೇಷದವರು ಮೇಜಿಗೇ ಬಂದು ಮಾತಾಡಿಸುತ್ತಾರೆ. ಹೊರಗೆ ಇದೇ ಮಿಕ್ಕಿಗಾಗಿ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಲ್ಲುವುದಕ್ಕಿಂತ ಇದು ಮೇಲು, ಅಜ್ಜಿಯೂ ಕೂತೇ ಫೋಟೊದಲ್ಲಿ ಬರುತ್ತಾಳೆ. ಸಸ್ಯಾಹಾರಿಗಳಿಗೆ ಬೇರೆ ತಟ್ಟೆ ತರುತ್ತಾರೆ. ತಲೆಸುತ್ತು ಇರುವವರನ್ನು ಮಾತ್ರ ಕೇಳಿಕೊಂಡು ಕರೆದೊಯ್ಯಿರಿ. ದರದ ಲೆಕ್ಕವೂ ಬೇರೆ: ಇಂಥ ಕಡೆಗಳಲ್ಲೂ ಬಫೆಗಳಲ್ಲೂ ತಲೆಗೆ ಇಷ್ಟು ಎಂದು ಹಣ. ಮೂರು ವರ್ಷದೊಳಗಿನ ಕೂಸಿಗೆ ಏನೂ ಇಲ್ಲ, ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ, ಹತ್ತು ತುಂಬಿದರೆ ದೊಡ್ಡವರ ದರ. ಎರಡು ತುತ್ತು ಉಣ್ಣುವ ಎಂಬತ್ತರ ಅಜ್ಜನಿಗೂ ಪೂರ್ತಿ ದರ. ಹೊಟ್ಟೆ ಸಣ್ಣದಿರುವವರೇ ಹೆಚ್ಚಿದ್ದರೆ ಬಫೆ ನಷ್ಟದ ವ್ಯಾಪಾರ. ಕೌಂಟರಿನಲ್ಲಿ ಕೊಳ್ಳುವಲ್ಲಿ ಹಂಚಿಕೊಳ್ಳಬಹುದು, ದೊಡ್ಡವರೂ ಮಕ್ಕಳ ಊಟ ಕೇಳಿ ತೆಗೆದುಕೊಳ್ಳಬಹುದು. ಅಲ್ಲಿಯ ಒಂದು ತಟ್ಟೆ ನಮ್ಮಲ್ಲಿ ಇಬ್ಬರಿಗಾಗುತ್ತದೆ.

ಮ್ಯಾಜಿಕ್ ಕಿಂಗ್‌ಡಂ ಪಾರ್ಕಿನಲ್ಲಿ ಪಿನೋಕಿಯೊ ಹೆಸರಿನ ಊಟದ ಮನೆಗೆ ಹೋಗಿ ಕಿಟಕಿ ಪಕ್ಕದ ಮೇಜು ಹಿಡಿಯಿರಿ. ಕೆಳಗೆ ಗೊಂಬೆಗಳ ದೋಣಿ ವಿಹಾರ ಹೊರಡುವುದು ಕಾಣುತ್ತದೆ. ದೋಣಿಯವರಿಗೆ ಕೈಬೀಸುತ್ತ ಮಗು ಪಿಜ್ಜಾ ಮುಗಿಸುತ್ತದೆ. ಹಾಲಿವುಡ್ ಸ್ಟುಡಿಯೋಸ್ ಪಾರ್ಕಿನಲ್ಲಿ ವುಡೀಸ್ ಲಂಚ್ ಬಾಕ್ಸ್ ಎಂಬ ಕೌಂಟರಿನ ಚೀಸ್ ಸ್ಯಾಂಡ್‌ವಿಚ್ ಮಕ್ಕಳಿಗೆ ಸರಿ, ಕೂರುವುದು ಬಯಲಲ್ಲಿ. ಎಲ್ಲೇ ಆಗಲಿ ಹನ್ನೊಂದಕ್ಕೆ ಉಂಡುಬಿಡಿ, ಇಲ್ಲವೇ ಎರಡೂವರೆ ದಾಟಲಿ. ನಡುವೆ ಕೂರಲು ಕುರ್ಚಿ ಸಿಗದು. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಮಳೆ ಸುರಿಯುವುದೂ ಉಂಟು, ಆಗ ತಡವಾಗಿ ಊಟಕ್ಕೆ ಕೂತವರೇ ಜಾಣರು.

ಸಸ್ಯಾಹಾರದ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು. ಡಿಸ್ನಿಯ ಮೆನುಗಳಲ್ಲಿ ಎಲೆಯ ಗುರುತು ಕಂಡರೆ ಅದು ನಮ್ಮ ಹಸಿರು ಚುಕ್ಕೆ ಅಂದುಕೊಳ್ಳಬೇಡಿ. ಹಸಿರು ಚುಕ್ಕೆಯಲ್ಲಿ ಹಾಲು, ತುಪ್ಪ ಇರುತ್ತದೆ. ಎಲೆ ಗುರುತಿನಲ್ಲಿ ಹಾಲೂ ಇಲ್ಲ, ಮೊಸರೂ ಇಲ್ಲ, ಜೇನೂ ಇಲ್ಲ. ಹಾಗಾಗಿ ಎಲೆ ಇರುವುದು ನಮ್ಮವರಿಗೆ ನಿಶ್ಚಿಂತೆ, ಎಲೆ ಇಲ್ಲದ ಚೀಸ್ ಪಿಜ್ಜಾ ಕೂಡ ಆದೀತು. ಅಪಾಯ ಇರುವುದು ಸಾರು, ಅನ್ನಗಳಲ್ಲಿ. ತರಕಾರಿ ಸೂಪು ಎಂದರೂ ಕೋಳಿಯ ರಸದಲ್ಲಿ ಬೇಯಿಸಿರಬಹುದು, ಮೆಕ್ಸಿಕೊ ಕಡೆಯ ಅನ್ನವೂ ಹಾಗೇ. ಸೀಸರ್ ಸಲಾಡಿನ ಸಾಸ್‌ನಲ್ಲಿ ಮೀನು ಸೇರುತ್ತದೆ. ಬರಿಯ ವೆಜಿಟೇರಿಯನ್ ಎಂದು ಹೇಳಿದರೆ ಮೊಟ್ಟೆ ಇರಬಹುದು. ಮಾಂಸ, ಕೋಳಿ, ಮೀನು, ಮೊಟ್ಟೆ, ಮಾಂಸದ ರಸ ಯಾವುದೂ ಬೇಡ ಎಂದು ಒಂದೊಂದೇ ಹೆಸರು ಹಿಡಿದು ಹೇಳಿ. ಕೂತು ಉಣ್ಣುವ ಕಡೆ ಅಡುಗೆಯವರನ್ನೇ ಕರೆಸಿ ಎಂದರೆ ಬಂದು ಮಾತಾಡುತ್ತಾರೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಬೇಕಾದವರು ಕಾದಿರಿಸುವಾಗಲೇ ಬರೆಸಿಡುವುದು ಒಳ್ಳೆಯದು. ದಾರಿಯಲ್ಲಿ ಮೆಕ್‌ಡೊನಾಲ್ಡ್ಸ್ ಕಂಡು ಆಲೂಗಡ್ಡೆ ಫ್ರೈಸ್ ಆದರೂ ತಿನ್ನೋಣ ಎನ್ನುವ ಹಿರಿಯರಿಗೆ ಒಂದು ಮಾತು: ಅಮೆರಿಕದಲ್ಲಿ ಅದರಲ್ಲಿ ದನದ ಮಾಂಸದ ರುಚಿಯ ಅಂಶ ಇರುವುದಾಗಿ ಕಂಪನಿಯ ಪಟ್ಟಿಯಲ್ಲೇ ಇದೆ.

ಮಗು ಏನೂ ತಿನ್ನಲಿಲ್ಲ ಎಂದು ಸೊಸೆ ಕಂಗಾಲಾದರೆ ಹಿರಿಯರು ಅಲ್ಲಿ ಪಾಠ ಶುರು ಮಾಡಬಾರದು. “ನಮ್ಮ ಕಾಲದಲ್ಲಿ” ಎಂಬ ಮಾತಿಗೆ ಪಾರ್ಕಿನಲ್ಲಿ ಜಾಗವಿಲ್ಲ. ಒಂದು ದಿನ ಚೀಸು, ಬಾಳೆಹಣ್ಣು ತಿಂದು ಕಳೆದರೆ ಯಾವ ಮಗುವೂ ಸೊರಗುವುದಿಲ್ಲ. ಚೀಲದಲ್ಲಿ ಚಪಾತಿ ಇದ್ದೇ ಇದೆಯಲ್ಲ.

ಬಿಲ್ಲು ಬಂದಾಗ ಕನ್ನಡಕ ಹಾಕಿಕೊಳ್ಳಿ. ಆರು ಜನ ಅಥವಾ ಅದಕ್ಕಿಂತ ಹೆಚ್ಚು ಕೂತಿದ್ದರೆ ಶೇಕಡ 18ರಷ್ಟು ಟಿಪ್ಸ್ ಅವರೇ ಸೇರಿಸಿರುತ್ತಾರೆ. ಅದನ್ನು ನೋಡದೆ ಮತ್ತೆ ಟಿಪ್ಸ್ ಬರೆದವರನ್ನು ಬೇಕಾದಷ್ಟು ಕಂಡಿದ್ದೇನೆ. ಇನ್ನು ನಾನು ಕೊಡುತ್ತೇನೆ, ನೀವು ಸುಮ್ಮನಿರಿ ಎಂದು ಬೀಗರ ನಡುವೆ ನಡೆಯುವ ಎಳೆದಾಟ. ಅದನ್ನು ತಪ್ಪಿಸಬೇಕಾದರೆ ಕೂರುವ ಮೊದಲೇ ಮಗನ ಕಾರ್ಡನ್ನು ಬಡಿಸುವವರ ಕೈಗೆ ಕೊಡಿಸಿಬಿಡಿ. ಬೀಗರಿಗೆ ಸಂಜೆಯ ಐಸ್‌ಕ್ರೀಂ ಖರ್ಚು ಬಿಟ್ಟುಕೊಟ್ಟರೆ ಅವರಿಗೂ ಸಮಾಧಾನ.