ಶ್ಯಾವಿಗೆ ಮತ್ತು ನಾನು: ಗುಂಗುರು ಕುದುರೆಯ ಜೊತೆ ಆರು ವರ್ಷ

ಮೊದಲ ಸಲ ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಕನ್ನಡಕ ಸರಿ ಮಾಡಿಕೊಂಡು ನೋಡಿ, "ಇದೇನೇ, ಕುದುರೆನೋ ಕುರಿನೋ?" ಅಂದರು. ಅವರದ್ದೇನೂ ತಪ್ಪಿಲ್ಲ. ಅದು ಜನವರಿ ತಿಂಗಳು. ಮೈತುಂಬ ಗುಂಗುರು, ಕಿವಿಯೊಳಗೂ ಗುಂಗುರು, ಕಣ್ಣಿನ ರೆಪ್ಪೆಯ ಕೂದಲೂ ಮೇಲಕ್ಕೆ ಸುರುಳಿ. ಜೂಲು ಎಳೆ ಎಳೆಯಾಗಿ ಕುತ್ತಿಗೆಯ ಎರಡೂ ಬದಿಗೆ ಇಳಿಬಿದ್ದಿತ್ತು. ಅದನ್ನು ನೋಡಿಯೇ ಶ್ಯಾವಿಗೆ ಅಂತ ಹೆಸರಿಟ್ಟಿದ್ದು. ಕಾಗದದಲ್ಲಿ ಬೇರೆ ಉದ್ದನೆಯ ಹೆಸರಿದೆ, ಅದನ್ನು ಯಾರೂ ಕರೆಯುವುದಿಲ್ಲ. ಇಲ್ಲಿನವರ ಬಾಯಲ್ಲಿ ಅವಳು "ಶಾವಿ".

ನಾನಿರುವುದು ಅಮೆರಿಕದ ನೆವಾಡದಲ್ಲಿ, ರೀನೊ ಊರಿನ ಹೊರಗೆ. ಕುದುರೆ ಹುಚ್ಚು ಹತ್ತಿದ್ದು ಇಲ್ಲಿಗೆ ಬಂದ ಮೇಲೆ. ಆದರೆ ಸವಾರಿ ಕಲಿಯಲು ಹೋದ ಮೊದಲ ವಾರವೇ ಗೊತ್ತಾಯಿತು, ನನಗೆ ಕುದುರೆ ಅಂದರೆ ಅಲರ್ಜಿ. ಇಪ್ಪತ್ತು ನಿಮಿಷ ಮೈ ಉಜ್ಜಿದರೆ ಸಾಕು, ಕಣ್ಣು ಊದಿ ಮುಚ್ಚಿಕೊಳ್ಳುತ್ತಿತ್ತು, ಮುಂಗೈ ತುಂಬ ದದ್ದು. ಮಾತ್ರೆ ನುಂಗಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಂದು ವರ್ಷ ಹೇಗೋ ತಳ್ಳಿದೆ. ಕಲಿಸುತ್ತಿದ್ದಾಕೆ ನನ್ನ ಅವಸ್ಥೆ ನೋಡಲಾರದೆ, "ಒಂದು ಸಲ ಕರ್ಲಿ ಕುದುರೆ ಹತ್ತಿರ ಹೋಗಿ ನೋಡು" ಅಂದರು. ಕರ್ಲಿ ಅಂದರೆ ಮೈತುಂಬ ಗುಂಗುರು ಕೂದಲಿರುವ ಒಂದು ತಳಿ, ಅದರಿಂದ ಅಲರ್ಜಿ ಕಡಿಮೆ ಅಂತ ಮಾತಿದೆ. ನಾನು ತಮಾಷೆ ಅಂದುಕೊಂಡಿದ್ದೆ.

ಶ್ಯಾವಿಗೆಯನ್ನು ಕೊಳ್ಳುವ ಮೊದಲು ಮೂರು ಸಲ ಹೋಗಿ ಬಂದೆ. ಮೊದಲ ದಿನ ಸುಮ್ನೆ ಪಕ್ಕದಲ್ಲಿ ನಿಂತೆ. ಎರಡನೇ ದಿನ ಮೈ ಉಜ್ಜಿದೆ. ಮೂರನೇ ದಿನ ಅವಳ ಕುತ್ತಿಗೆಗೆ ಮುಖ ಒತ್ತಿಕೊಂಡು ನಿಂತೆ. ಮಾರುತ್ತಿದ್ದವರು ನಕ್ಕರು. ಮನೆಗೆ ಬಂದು ಕನ್ನಡಿ ನೋಡಿಕೊಂಡರೆ ಮೂಗು ಸ್ವಲ್ಪ ಕೆಂಪು, ಅಷ್ಟೇ. ಮಾರನೇ ದಿನವೇ ಚೆಕ್ ಬರೆದೆ.

ಆಗ ಅವಳಿಗೆ ಒಂಬತ್ತು ವರ್ಷ. ಎತ್ತರ ಹದಿನಾಲ್ಕು ಮುಕ್ಕಾಲು ಹ್ಯಾಂಡ್, ಅಂದರೆ ಭುಜದವರೆಗೆ 59 ಇಂಚು. ತೂಕ 900 ಪೌಂಡ್ ಆಸುಪಾಸು. ಗಿಡ್ಡ ಬೆನ್ನು, ದಪ್ಪ ಮೂಳೆ, ಗಟ್ಟಿ ಗೊರಸು. ರೇಸ್ ಕುದುರೆ ನೋಡಿದ ಕಣ್ಣಿಗೆ ಅಷ್ಟೇನೂ ಚೆಂದ ಕಾಣುವುದಿಲ್ಲ. ನನಗೆ ಬೇಕಾಗಿದ್ದುದು ಕೆಲಸ ಮುಗಿಸಿ ಬಂದು ಸಂಜೆ ಒಂದು ಗಂಟೆ ಗುಡ್ಡ ಸುತ್ತಿಸುವ ಕುದುರೆ. ಅದಕ್ಕೆ ಇವಳೇ ಸರಿ.

ಎರಡನೇ ವಾರವೇ ಬಿದ್ದೆ. ತಪ್ಪು ಪೂರ್ತಿ ನನ್ನದೇ. ಅವಳ ಬೆನ್ನು ಪೀಪಾಯಿ ಹಾಗೆ ದುಂಡಗೆ, ಭುಜದ ಉಬ್ಬು ಇದ್ದೂ ಇಲ್ಲದ ಹಾಗೆ. ಹಳೆಯ ಕುದುರೆಗೆ ಹಾಕುತ್ತಿದ್ದ ಕಿರಿದಾದ ಜೀನನ್ನೇ ಇವಳಿಗೂ ಹಾಕಿದ್ದೆ. ನೆಲದಿಂದ ರಿಕಾಪಿಗೆ ಕಾಲಿಟ್ಟು ಮೈಭಾರ ಬಿಟ್ಟೆ ನೋಡಿ, ಜೀನು ಹಾಗೇ ಜಾರಿ ಹೊಟ್ಟೆಯ ಕೆಳಗೆ ಹೋಯಿತು. ನಾನು ಮಣ್ಣಿನಲ್ಲಿ ಅಂಗಾತ. ಬೇರೆ ಕುದುರೆಯಾಗಿದ್ದರೆ ಹೊಟ್ಟೆಗೆ ನೇತುಬಿದ್ದ ಜೀನಿಗೆ ಹೆದರಿ ಒದೆಯುತ್ತಾ ಓಡುತ್ತಿತ್ತು, ನನ್ನ ತಲೆ ಅವಳ ಹಿಂಗಾಲಿನ ಪಕ್ಕದಲ್ಲೇ ಇತ್ತು. ಶ್ಯಾವಿಗೆ ಮಾತ್ರ ಕದಲಲಿಲ್ಲ. ಕುತ್ತಿಗೆ ಹೊರಳಿಸಿ, ಕೆಳಗೆ ಬಿದ್ದಿದ್ದ ನನ್ನನ್ನು ನೋಡಿ, ಒಂದು ನಿಟ್ಟುಸಿರು ಬಿಟ್ಟಳು. ಈಗ ಅಗಲವಾದ ಜೀನು, ಮುಂದೆ ಎದೆಪಟ್ಟಿ. ಹತ್ತುವುದಕ್ಕೆ ಯಾವಾಗಲೂ ಮೆಟ್ಟಿಲು. ಐದು ನಿಮಿಷ ನಡೆಸಿ ಹೊಟ್ಟೆಪಟ್ಟಿಯನ್ನು ಮತ್ತೊಮ್ಮೆ ಬಿಗಿಯುತ್ತೇನೆ. ಮೊದಲ ಸಲ ಬಿಗಿಯುವಾಗ ಅವಳು ಹೊಟ್ಟೆ ಉಬ್ಬಿಸಿಕೊಳ್ಳುತ್ತಾಳೆ, ಕಳ್ಳಿ.

ಕದಲದೆ ನಿಲ್ಲುವ ಈ ಗುಣದ ಬಗ್ಗೆ ಕರ್ಲಿ ಸಾಕುವವರು ಬಹಳ ಹೇಳುತ್ತಾರೆ. ಹೆದರಿದರೆ ಓಡುವುದಿಲ್ಲ, ನಿಂತು ನೋಡುತ್ತದೆ ಅಂತ. ನಾನು ಕಂಡದ್ದೂ ಅದೇ. ನಮ್ಮ ಗುಡ್ಡದ ಸೇಜ್ ಪೊದೆಗಳಲ್ಲಿ ಚುಕಾರ್ ಹಕ್ಕಿಗಳಿವೆ. ಬೇಟೆಗೆಂದು ಭಾರತದ ಕಡೆಯಿಂದಲೇ ತಂದು ಬಿಟ್ಟವು, ಅಂದರೆ ಅವೂ ನನ್ನ ಹಾಗೇ ವಲಸೆ ಬಂದವು. ಕಾಲ ಬುಡದಲ್ಲಿ ಹತ್ತು ಹದಿನೈದು ಹಕ್ಕಿ ಒಟ್ಟಿಗೆ ಭರ್ರನೆ ಎದ್ದರೆ ಎಂಥ ಕುದುರೆಯೂ ಪಕ್ಕಕ್ಕೆ ಹಾರುತ್ತದೆ. ಶ್ಯಾವಿಗೆ ನಾಲ್ಕೂ ಕಾಲು ಊರಿ ಕಂಬದಂತೆ ನಿಂತಳು. ಅವಳ ಎದೆ ಡವಗುಟ್ಟುವುದು ನನ್ನ ಮೀನಖಂಡಕ್ಕೆ ತಿಳಿಯುತ್ತಿತ್ತು. ಹಕ್ಕಿ ಕಣ್ಮರೆಯಾಗುವವರೆಗೆ ನೋಡಿ, ಮೂಗು ಕೊಡವಿ, ಮುಂದೆ ನಡೆದಳು. ಹೆದರಿಕೆ ಇಲ್ಲ ಅಂತಲ್ಲ, ಹೆದರಿಕೆಯನ್ನು ಕಾಲಿಗೆ ಇಳಿಸುವುದಿಲ್ಲ. ಹಾಗಂತ ಎಲ್ಲ ಕರ್ಲಿಗಳೂ ಹೀಗೇ ಅಂದುಕೊಳ್ಳಬೇಡಿ. ನಾಲ್ಕು ಮನೆ ಆಚೆ ಇನ್ನೊಂದು ಕರ್ಲಿ ಇದೆ. ಪ್ಲಾಸ್ಟಿಕ್ ಚೀಲ ಕಂಡರೆ ಅದರದ್ದು ನಾಗಾಲೋಟ. ತಳಿ ನೋಡಿ ಕುದುರೆ ಕೊಂಡರೂ, ಹತ್ತುವುದು ಆ ಒಂದು ಕುದುರೆಯ ಬೆನ್ನು ತಾನೇ.

ಇನ್ನು ಕೂದಲು. ಮೊದಲ ಚಳಿಗಾಲ, ಯಾರೋ ನೋಡಲು ಬರುತ್ತಾರೆ ಅಂತ ಕಬ್ಬಿಣದ ಹಲ್ಲಿನ ಬಾಚಣಿಗೆ ತೆಗೆದುಕೊಂಡು ಒಂದು ಗಂಟೆ ಬಾಚಿದೆ. ಗುಂಗುರೆಲ್ಲ ಬಿಚ್ಚಿ ಹತ್ತಿ ಹಿಂಜಿದ ಹಾಗಾಯಿತು. ಬಂದವರು "ಇದೇನು, ಕರಡಿ ಮರಿಯಾ?" ಅಂದರು. ಮಳೆಗೆ ನೆನೆದು ಒಣಗಿದ ಮೇಲೆ ಸುರುಳಿ ತಾನಾಗಿ ಮರಳಿತು. ಆಮೇಲೆ ಮೈಗೆ ಬಾಚಣಿಗೆ ಮುಟ್ಟಿಸಿಲ್ಲ. ಕೆಸರಾದರೆ ಒಣಗಲು ಬಿಟ್ಟು ಮೆತ್ತನೆಯ ರಬ್ಬರ್ ಬ್ರಷ್‌ನಿಂದ ಉದುರಿಸುತ್ತೇನೆ. ಜೂಲಿಗೆ ಕಂಡೀಷನರ್ ಸವರಿ ಬೆರಳಿನಿಂದಲೇ ಎಳೆ ಬಿಡಿಸುತ್ತೇನೆ. ಎಲ್ಲಕ್ಕಿಂತ ತಲೆನೋವು ಚೀಟ್‌ಗ್ರಾಸ್ ಹುಲ್ಲಿನ ಮುಳ್ಳು. ಬೇಸಿಗೆ ಶುರುವಿನಲ್ಲಿ ಅದು ಒಣಗಿ, ಕಾಲಿನ ಗುಂಗುರಿಗೆ ಸಿಕ್ಕಿಕೊಳ್ಳುತ್ತದೆ. ಒಂದೊಂದಾಗಿ ಕೀಳಬೇಕು. ಸೊಪ್ಪು ಬಿಡಿಸುವ ಕೆಲಸ ಇದ್ದ ಹಾಗೆ, ಕೈ ಓಡುತ್ತಿರುತ್ತದೆ, ಬಾಯಿ ಖಾಲಿ ಇರುತ್ತದೆ, ನಾನು ಅವಳಿಗೆ ಆಫೀಸಿನ ಕಥೆ ಹೇಳುತ್ತಿರುತ್ತೇನೆ.

ಚಳಿಗೆ ಕಂಬಳಿ ಹೊದೆಸುವುದಿಲ್ಲ. ಹಿಮ ಬಿದ್ದ ಬೆಳಿಗ್ಗೆ ಹೋಗಿ ನೋಡಿದರೆ ಅವಳ ಬೆನ್ನ ಮೇಲೆ ನಾಲ್ಕು ಬೆರಳು ದಪ್ಪ ಹಿಮ ಕರಗದೆ ಕೂತಿರುತ್ತದೆ. ಮೈಯ ಬಿಸಿ ಹೊರಗೆ ಬರುವುದೇ ಇಲ್ಲ. ಗುಂಗುರಿನ ನಡುವೆ ಬೆರಳು ತೂರಿಸಿದರೆ ಬುಡದಲ್ಲಿ ಬೆಚ್ಚಗೆ, ಒಣಗಿ ಇರುತ್ತದೆ. ಇದರ ಇನ್ನೊಂದು ಮುಖ ಸವಾರಿ ಮುಗಿದ ಮೇಲೆ ಗೊತ್ತಾಗುತ್ತದೆ. ಬೆವರು ಬೇಗ ಆರುವುದಿಲ್ಲ. ಚಳಿಗಾಲದಲ್ಲಿ ನಾನು ಜಾಸ್ತಿ ಓಡಿಸುವುದಿಲ್ಲ, ಕೊನೆಯ ಕಾಲು ಗಂಟೆ ಬರೀ ನಡಿಗೆ. ಲಾಯಕ್ಕೆ ಬಂದು ಟವೆಲಿನಿಂದ ಒರೆಸಿ, ಒಣಗುವವರೆಗೆ ಮಾತ್ರ ಉಣ್ಣೆಯ ಹೊದಿಕೆ. ಒಂದು ದಿನ ಆತುರಕ್ಕೆ ಒದ್ದೆ ಮೈಯಲ್ಲೇ ಬಿಟ್ಟು ಬಂದೆ. ರಾತ್ರಿ ಗಾಳಿ ಎದ್ದ ಸದ್ದು ಕೇಳಿ ಹನ್ನೊಂದು ಗಂಟೆಗೆ ಕಾರು ತೆಗೆದುಕೊಂಡು ವಾಪಸ್ ಹೋದೆ. ಅವಳು ಆರಾಮಾಗಿ ಹುಲ್ಲು ತಿನ್ನುತ್ತಿದ್ದಳು. ನಡುಗುತ್ತಿದ್ದುದು ನಾನು.

ತಿನ್ನುವ ವಿಷಯದಲ್ಲೂ ಜೋಪಾನ. ಗಾಳಿ ಕುಡಿದರೂ ದಪ್ಪ ಆಗುವ ಮೈ ಅವಳದು. ದಿನಕ್ಕೆ ಹದಿನೈದು ಪೌಂಡ್ ಒಣಹುಲ್ಲು ತೂಗಿ ಹಾಕುತ್ತೇನೆ. ವಸಂತದ ಹಸಿ ಹುಲ್ಲು ಸಕ್ಕರೆ ಇದ್ದ ಹಾಗೆ. ಮಿತಿ ಮೀರಿದರೆ ಗೊರಸಿನೊಳಗೆ ಉರಿಯೂತ ಬಂದು ಕುದುರೆ ಕುಂಟಾಗುತ್ತದೆ. ಲಾಳ ಹೊಡೆಸಿಲ್ಲ. ಆರೇಳು ವಾರಕ್ಕೊಮ್ಮೆ ಗೊರಸು ಕತ್ತರಿಸಿ ತಿದ್ದಿಸಿದರೆ ಕಲ್ಲು ದಾರಿಯಲ್ಲೂ ಬರಿಗಾಲಲ್ಲೇ ನಡೆಯುತ್ತಾಳೆ.

ಸವಾರಿ ಹೊರಟರೆ ಜನ ನಿಲ್ಲಿಸುತ್ತಾರೆ. ಕಾರು ನಿಲ್ಲಿಸಿ, ಕಿಟಕಿ ಇಳಿಸಿ, "ಪರ್ಮ್ ಮಾಡಿಸಿ ಕೂದಲು ಗುಂಗುರು ಮಾಡಿಸಿದ್ದೀರಾ?" ಅಂತ ಕೇಳಿದವರೇ ಹತ್ತು ಜನ ಇದ್ದಾರು. ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ. ಗುಂಗುರು ಉದುರಿ ಮೈ ನುಣ್ಣಗಾಗಿರುತ್ತದೆ, ಕರ್ಲಿ ಅಂದರೆ ಯಾರೂ ನಂಬುವುದಿಲ್ಲ. ಆಗ ಇಳಿದು ಅವಳ ಕಿವಿ ತೋರಿಸುತ್ತೇನೆ, ಅಲ್ಲಿ ಮಾತ್ರ ಸುರುಳಿ ಉಳಿದಿರುತ್ತದೆ.

ಎಲ್ಲರದ್ದೂ ಮುಂದಿನ ಪ್ರಶ್ನೆ, "ರಷ್ಯಾದ ಕುದುರೆ ಅಲ್ವಾ?" ಎಷ್ಟೋ ವರ್ಷ ಈ ತಳಿಯನ್ನು ಅಮೆರಿಕನ್ ಬಾಷ್ಕಿರ್ ಕರ್ಲಿ ಅಂತ ಕರೆದದ್ದರ ಫಲ ಇದು. ರಷ್ಯಾದ ಬಾಷ್ಕಿರ್ ಕುದುರೆಗೂ ಇದಕ್ಕೂ ನಂಟು ಸಾಬೀತಾಗಿಲ್ಲ. ಇಲ್ಲಿ ಇದರ ಕಥೆ ನಮ್ಮ ನೆವಾಡದ್ದೇ. 1898ರಲ್ಲಿ ಪೀಟರ್ ಡಮೇಲಿ ಅನ್ನುವ ಹುಡುಗ ಅಪ್ಪನ ಜೊತೆ ನೆವಾಡದ ನಡುಭಾಗದ ಪೀಟರ್ ಹ್ಯಾನ್ಸನ್ ಬೆಟ್ಟಗಳಲ್ಲಿ ಹೋಗುತ್ತಿದ್ದಾಗ ಮೈಯೆಲ್ಲ ಗುಂಗುರಿದ್ದ ಮೂರು ಕುದುರೆ ಕಂಡನಂತೆ. ಆಮೇಲೆ 1932ರ ಭೀಕರ ಚಳಿಗಾಲ. ಹಿಮ ಕರಗಿದಾಗ ಬದುಕಿ ಉಳಿದು ಸಿಕ್ಕಿದ್ದು ಗುಂಗುರು ಕುದುರೆಗಳು. ದನ ಮೇಯಿಸುತ್ತಿದ್ದ ಡಮೇಲಿ ಮನೆಯವರಿಗೆ ಅಷ್ಟು ಸಾಕಾಯಿತು, ಅವುಗಳನ್ನೇ ಹಿಡಿದು ಪಳಗಿಸಿ ಸಾಕಿದರು. ಮುಂದೆ 1971ರಲ್ಲಿ ಈ ತಳಿಗೆ ನೋಂದಣಿ ಸಂಸ್ಥೆ ಶುರುವಾಯಿತು. ಅದಕ್ಕೂ ಬಹಳ ಮೊದಲೇ, 1800ರ ಆಸುಪಾಸಿನಲ್ಲಿ, ಅಮೆರಿಕದ ಮೂಲನಿವಾಸಿಗಳಾದ ಲಕೋಟ ಜನ, ಇನ್ನೊಂದು ಮೂಲನಿವಾಸಿ ಬುಡಕಟ್ಟಾದ ಕ್ರೋ ಜನರಿಂದ ಗುಂಗುರು ಕುದುರೆಗಳನ್ನು ಹೊಡೆದುಕೊಂಡು ಬಂದದ್ದನ್ನು ವರ್ಷದ ಗುರುತಾಗಿ ಚಿತ್ರ ಬರೆದಿಟ್ಟಿದ್ದಾರೆ. ಅವು ಎಲ್ಲಿಂದ ಬಂದವು ಅಂತ ಕೇಳಿದರೆ ನಾನು ಶ್ಯಾವಿಗೆಯ ಕಡೆ ಕೈ ತೋರಿಸಿ, "ಅವಳನ್ನೇ ಕೇಳಿ" ಅನ್ನುತ್ತೇನೆ.

ಈ ಕಥೆ ಹೇಳುವ ಉಮೇದಿನಲ್ಲೇ ಒಂದು ಎಡವಟ್ಟು ಮಾಡಿದೆ. ಮೊದಲ ಎರಡು ವರ್ಷ ಕಂಡಕಂಡವರಿಗೆ "ಕರ್ಲಿಗೆ ಅಲರ್ಜಿ ಬರುವುದೇ ಇಲ್ಲ" ಅನ್ನುತ್ತಿದ್ದೆ. ನನಗೆ ಬರಲಿಲ್ಲವಲ್ಲ, ಅದೇ ಧೈರ್ಯ. ಹಾಗೆ ಕರೆದ ಗೆಳತಿಯೊಬ್ಬಳು ಲಾಯದೊಳಗೆ ಅರ್ಧ ಗಂಟೆ ಶ್ಯಾವಿಗೆಯ ಜೊತೆ ಇದ್ದಳು. ಕುತ್ತಿಗೆಯ ಮೇಲೆ ದದ್ದು ಎದ್ದಿತು. ಆಮೇಲೆ ಉಸಿರಾಟದಲ್ಲಿ ಸುಯ್ ಸುಯ್ ಸದ್ದು. ಅವಳ ಬ್ಯಾಗಿನಲ್ಲಿ ಇನ್‌ಹೇಲರ್ ಇದ್ದದ್ದು ಪುಣ್ಯ. ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆ ದಾರಿ ಹಿಡಿದಾಗ ನನ್ನ ಕೈ ಸ್ಟೇರಿಂಗ್ ಮೇಲೆ ನಡುಗುತ್ತಿತ್ತು. ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕೂತು ಓದಿದೆ. ಕುದುರೆ ಅಲರ್ಜಿ ಬರುವುದು ಕೂದಲಿನಿಂದಲ್ಲ, ಚರ್ಮದಿಂದ ಉದುರುವ ಹೊಟ್ಟು ಮತ್ತು ಜೊಲ್ಲಿನಲ್ಲಿರುವ ಪ್ರೋಟೀನಿನಿಂದ. ಅದು ಕರ್ಲಿಯಲ್ಲೂ ಇದೆ. ಜರ್ಮನಿಯಲ್ಲಿ ಅಲರ್ಜಿ ಇರುವ ಸವಾರರನ್ನೇ ಕರ್ಲಿ ಮೇಲೆ ಕೂರಿಸಿ ನೋಡಿದಾಗ ಹಲವರಿಗೆ ತೊಂದರೆ ಕಡಿಮೆ ಇತ್ತು. ಆದರೆ ಬೇರೆ ಬೇರೆ ತಳಿಗಳ ಕೂದಲು ತೆಗೆದು ಅದಕ್ಕೆ ಅಂಟಿದ್ದ ಆ ಪ್ರೋಟೀನ್ ಅಳೆದು ನೋಡಿದವರಿಗೆ ಕರ್ಲಿಯಲ್ಲಿ ಕಡಿಮೆ ಅಂತೇನೂ ಕಾಣಲಿಲ್ಲ. ಎರಡನ್ನೂ ಈಗ ಬಂದವರಿಗೆ ಹೇಳುತ್ತೇನೆ.

ಕರೆಯುವ ರೀತಿಯೂ ಬದಲಾಗಿದೆ. ಆಸ್ತಮಾ ಇದ್ದವರಿಗೆ ಮೊದಲು ಡಾಕ್ಟರನ್ನು ಕೇಳಿ ಬರಲು ಹೇಳುತ್ತೇನೆ. ಭೇಟಿ ಲಾಯದೊಳಗಲ್ಲ, ಹೊರಗೆ ಬಯಲಿನಲ್ಲಿ. ಒಳಗೆ ಒಣಹುಲ್ಲಿನ ಧೂಳು, ಬೂಷ್ಟು, ಬೇರೆ ಕುದುರೆಗಳ ಹೊಟ್ಟು ಎಲ್ಲ ಇರುತ್ತದೆ. ಸೀನು ಬಂದರೆ ಯಾವುದಕ್ಕೆ ಬಂತು ಅಂತ ಗೊತ್ತಾಗುವುದಿಲ್ಲ. ಶ್ಯಾವಿಗೆಯ ಬ್ರಷ್, ಜೀನಿನ ಕೆಳಗಿನ ದಿಂಬು ಬೇರೆ ಯಾವ ಕುದುರೆಗೂ ತಾಗಿಸುವುದಿಲ್ಲ. ಮೊದಲ ದಿನ ಹತ್ತು ನಿಮಿಷ ಮಾತ್ರ, ಸವಾರಿ ಇಲ್ಲ. ಎರಡು ದಿನ ಬಿಟ್ಟು ಹೇಗಿದ್ದೀರಿ ಅಂತ ಫೋನ್ ಮಾಡುತ್ತೇನೆ. ಹೀಗೆ ಹೇಳಿದರೆ ಕೆಲವರು ಆಸಕ್ತಿ ಕಳೆದುಕೊಳ್ಳುತ್ತಾರೆ. ಹೋಗಲಿ ಬಿಡಿ.

ಉಳಿದವರಲ್ಲಿ ಒಬ್ಬಳು ಹನ್ನೆರಡು ವರ್ಷದ ಹುಡುಗಿ. ಮೂರು ಭೇಟಿ ಆದ ಮೇಲೆ ಹತ್ತಿದಳು. ನಾನು ಹಗ್ಗ ಹಿಡಿದು ಅಂಗಳದಲ್ಲಿ ನಡೆಸಿದೆ. ಲಗಾಮು ಬಿಟ್ಟು ಎರಡೂ ಕೈಯನ್ನು ಜೂಲಿನೊಳಗೆ ಹೂತು ಕೂತಿದ್ದಳು. ಅವರಮ್ಮ ಬೇಲಿಯ ಹತ್ತಿರ ಮಾತ್ರೆಯ ಪಟ್ಟಿ ಹಿಡಿದುಕೊಂಡು ನಿಂತೇ ಇದ್ದರು. ಅವತ್ತು ಅದನ್ನು ಬಿಚ್ಚಬೇಕಾಗಲಿಲ್ಲ. ಈಗ ಶನಿವಾರ ಶನಿವಾರ ಬಂದು ನನಗಿಂತ ಚೆನ್ನಾಗಿ ಟ್ರಾಟ್ (ಕುಲುಕು ಓಟ) ಕೂರುತ್ತಾಳೆ.

"ಮರಿ ಹಾಕಿಸಿ, ನಮಗೊಂದು ಕೊಡಿ" ಅನ್ನುವವರೂ ಇದ್ದಾರೆ. ಅದಕ್ಕೆ ನಾನು ಕೈ ಹಾಕಿಲ್ಲ. ಗುಂಗುರು ತರುವ ವಂಶವಾಹಿಗಳಲ್ಲಿ ಒಂದು ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮರಿಯ ಕೂದಲು ತೆಳುವಾಗಿ, ಕೆಲವು ಸಲ ಮೈ ಬೋಳೇ ಆಗಬಹುದು. ಡಿಎನ್‌ಎ ಪರೀಕ್ಷೆ ಮಾಡಿಸಿ, ನೋಡಿ ಜೋಡಿ ಮಾಡುವವರಿದ್ದಾರೆ. ಅವರ ಕೆಲಸ ಅವರು ಮಾಡಲಿ.

ಆಸ್ಪತ್ರೆಗೆ ಕರೆದೊಯ್ದ ಗೆಳತಿ ಮತ್ತೆ ಬಂದಿದ್ದಳು, ಹೋದ ತಿಂಗಳು. ಬೇಲಿಯಿಂದ ಇಪ್ಪತ್ತು ಅಡಿ ಆಚೆ, ಗಾಳಿ ಬೀಸುವ ಕಡೆ ನೋಡಿಕೊಂಡು ಕುರ್ಚಿ ಹಾಕಿಕೊಂಡಳು. ನನ್ನ ಸವಾರಿಯ ಫೋಟೊ ತೆಗೆದಳು. ಶ್ಯಾವಿಗೆ ಬೇಲಿಯ ಮೇಲೆ ಕುತ್ತಿಗೆ ಚಾಚಿ ಅವಳ ಕಡೆಗೇ ನೋಡುತ್ತಿದ್ದಳು. "ನೀನು ಅಲ್ಲೇ ಇರಮ್ಮ" ಅಂದಳು ಗೆಳತಿ.

ಈ ವಾರ ಕೂದಲು ಉದುರಲು ಶುರುವಾಗಿದೆ. ಕೈಯಾಡಿಸಿದರೆ ಹಿಡಿ ಹಿಡಿ ಗುಂಗುರು ಬರುತ್ತದೆ. ಊರಿನಲ್ಲಿ ಉಣ್ಣೆ ನೂಲುವ ಅಜ್ಜಿಯೊಬ್ಬರು ಇದನ್ನು ಕುರಿ ಉಣ್ಣೆಯ ಜೊತೆ ಬೆರೆಸಿ ನೂಲುತ್ತಾರೆ, ಹೋದ ವರ್ಷ ನನಗೊಂದು ಟೋಪಿ ಹೆಣೆದುಕೊಟ್ಟಿದ್ದರು. ಗೇಟಿಗೆ ಚೀಲ ನೇತುಹಾಕಿದ್ದೇನೆ, ಅರ್ಧ ತುಂಬಿದೆ.